ಕಛೇರಿ ಕೇಳಿದ್ದಕ್ಕೆ ದಂಡ

1949ರ ಡಿಸೆಂಬರ್ 11. ಲಂಡನ್ನಿನ ಪ್ರಿನ್ಸಸ್ ಥಿಯೇಟರಿನಲ್ಲಿ ಜಾಝ್ ಕಛೇರಿ. ದುಡ್ಡು ಕೊಟ್ಟು ಟಿಕೆಟ್ ಪಡೆದು ಒಳಗೆ ಕೂತವರಲ್ಲಿ ಹರ್ಬರ್ಟ್ ವಿಲ್ಕಾಕ್ಸ್ ಎಂಬುವರೂ ಇದ್ದರು. ‘ಜಾಝ್ ಇಲಸ್ಟ್ರೇಟೆಡ್’ ಎಂಬ ಪತ್ರಿಕೆಯ ಮಾಲೀಕರು ಅವರು. ಅಮೆರಿಕದ ಕೋಲ್ಮನ್ ಹಾಕಿನ್ಸ್ ವೇದಿಕೆ ಹತ್ತಿ ಸ್ಯಾಕ್ಸೊಫೋನ್ ನುಡಿಸಿದರು, ಸಭೆ ತಲೆದೂಗಿತು. ವಿಲ್ಕಾಕ್ಸ್ ತಮ್ಮ ಪತ್ರಿಕೆಯಲ್ಲಿ ಆ ಕಛೇರಿಯನ್ನು ಫೋಟೊಗಳ ಸಮೇತ ಹೊಗಳಿ ಬರೆದರು. ಅದರ ಬೆನ್ನಿಗೇ ಅವರ ಮೇಲೆ ಕೇಸು ಬಿತ್ತು. ವಿದೇಶಿಯೊಬ್ಬ ಕಾನೂನು ಮುರಿದು ಕೆಲಸ ಮಾಡಲು ಕುಮ್ಮಕ್ಕು ಕೊಟ್ಟರೆಂಬುದು ಆರೋಪ.

ಹಾಕಿನ್ಸ್ ಅವರನ್ನು ಕರೆಸಿದ್ದು ವಿಲ್ಕಾಕ್ಸ್ ಅಲ್ಲ, ಲಂಡನ್ನಿನದೇ ಒಂದು ಜಾಝ್ ಕ್ಲಬ್ಬಿನವರು. ಅವರು ಕೇಳಿದ್ದ ಪರವಾನಗಿಯನ್ನು ಸರ್ಕಾರ ನಿರಾಕರಿಸಿತ್ತು. ಆದರೂ ಹಾಕಿನ್ಸ್ ಬಂದಿಳಿದರು. ಸಂಬಳಕ್ಕಾಗಲಿ, ಪುಕ್ಕಟೆಯಾಗಲಿ, ಇಲ್ಲಿ ಯಾವ ಕೆಲಸವನ್ನೂ ಮಾಡಕೂಡದು ಎಂಬ ಷರತ್ತಿನ ಮೇಲೆ ಅವರನ್ನು ಒಳಗೆ ಬಿಟ್ಟಿದ್ದರು. ವಿಲ್ಕಾಕ್ಸ್ ಮಾಡಿದ್ದಿಷ್ಟೇ: ವರದಿಗೆಂದು ವಿಮಾನ ನಿಲ್ದಾಣಕ್ಕೆ ಹೋದರು, ಕಛೇರಿ ಕೇಳಿದರು, ಬರೆದರು. ಕೆಳಗಿನ ಕೋರ್ಟು 25 ಪೌಂಡ್ ದಂಡ ಹಾಕಿತು. ಮೇಲ್ಮನವಿ 1951ರಲ್ಲಿ ಮುಖ್ಯ ನ್ಯಾಯಮೂರ್ತಿ ಗಾಡರ್ಡ್ ಅವರ ಮುಂದೆ ಬಂತು.

ಆ ತೀರ್ಪನ್ನು ಕುಮ್ಮಕ್ಕಿನ ಪಾಠಕ್ಕೆ ಉದಾಹರಣೆಯಾಗಿ ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಹಾಸ್ಯ ಪ್ರಬಂಧವೆಂದು ಓದಿದರೂ ನಷ್ಟವಿಲ್ಲ. ಆಸಾಮಿ ಎದ್ದು ನಿಂತು ಇಂಗ್ಲೆಂಡಿನ ಸಂಗೀತಗಾರರ ಪರವಾಗಿ ಪ್ರತಿಭಟಿಸಲಿಲ್ಲ ಎನ್ನುತ್ತಾರೆ ಗಾಡರ್ಡ್. ಧಿಕ್ಕಾರ ಕೂಗಿದ್ದರೆ ಕುಮ್ಮಕ್ಕು ಕೊಡಲಿಲ್ಲ ಎನ್ನುವುದಕ್ಕೆ ಅದೊಂದು ಸಾಕ್ಷಿಯಾದರೂ ಆಗಬಹುದಿತ್ತು. ಸ್ಯಾಕ್ಸೊಫೋನ್ ಕೇಳಿಸದ ಹಾಗೆ ಗದ್ದಲ ಎಬ್ಬಿಸುವ ಗುಂಪಿನಲ್ಲಿ ಸೇರಿಕೊಂಡಿದ್ದರೆ ಬಹುಶಃ ನಿರ್ದೋಷಿಯೇ ಆಗುತ್ತಿದ್ದರು. ಆದರೆ ಇವರು ದುಡ್ಡು ಕೊಟ್ಟು ಬಂದು ಕೂತು ಕೇಳಿದ್ದಾರೆ, ಮೇಲಾಗಿ ಪತ್ರಿಕೆಗೆ ಸರಕು ಮಾಡಿಕೊಂಡಿದ್ದಾರೆ. ದಂಡ ಖಾಯಂ.

ಕಛೇರಿಯಲ್ಲಿ ಗಲಾಟೆ ಮಾಡಿದವನು ಬಚಾವು, ಸುಮ್ಮನೆ ಕೇಳಿದವನು ಅಪರಾಧಿ. ಒಂದು ದೇಶ ಈ ಸ್ಥಿತಿಗೆ ಬಂದು ಮುಟ್ಟಿದ್ದು ಹೇಗೆ?

ಬೇರು ಇರುವುದು 1920ರ ಏಲಿಯನ್ಸ್ ಆರ್ಡರ್ ಎಂಬ ಆದೇಶದಲ್ಲಿ. ವಿದೇಶಿಯೊಬ್ಬ ಬ್ರಿಟನ್ನಿನಲ್ಲಿ ಕೆಲಸಕ್ಕೆ ಬರಬೇಕಾದರೆ ಕೆಲಸ ಕೊಡುವವನೇ ಕಾರ್ಮಿಕ ಇಲಾಖೆಯಿಂದ ಪರವಾನಗಿ ತರಬೇಕು. ಕಲಾವಿದ ಕೈಕಟ್ಟಿ ಕೂತಿರಬೇಕು, ಅರ್ಜಿ ಹಿಡಿದು ಅಲೆಯಬೇಕಾದವನು ಕರೆಸುವವನು. ಇಂದು ನಾವು ‘ಸ್ಪಾನ್ಸರ್’ ಎನ್ನುವ ಪ್ರಾಣಿ ಕಾನೂನಿನ ಕಣ್ಣಿಗೆ ಬಿದ್ದದ್ದು ಹೀಗೆ. ಮೊದಲ ಹದಿನೈದು ವರ್ಷ ಇದರಿಂದ ಹೇಳಿಕೊಳ್ಳುವಂಥ ತೊಂದರೆಯೇನೂ ಆಗಲಿಲ್ಲ. 1932ರಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಬಂದರು. 1933ರಲ್ಲಿ ಬ್ರಿಟಿಷ್ ತಂಡನಾಯಕ ಜ್ಯಾಕ್ ಹಿಲ್ಟನ್ ಮುಂದೆ ನಿಂತು ಡ್ಯೂಕ್ ಎಲಿಂಗ್ಟನ್ ಅವರ ಇಡೀ ತಂಡವನ್ನು ಕರೆತಂದರು. ಇದೇ ಹಾಕಿನ್ಸ್ 1934ರಲ್ಲಿ ಹಿಲ್ಟನ್ ತಂಡದ ಜೊತೆ ಬ್ರಿಟನ್ನಿನ ಊರೂರು ಸುತ್ತಿ ನುಡಿಸಿದ್ದರು, ರಾಜಾರೋಷವಾಗಿ.

ಆದರೆ ಹಿಲ್ಟನ್ ತಮ್ಮ ತಂಡ ಕಟ್ಟಿಕೊಂಡು ಅಮೆರಿಕಕ್ಕೆ ಹೊರಟಾಗ ಅಲ್ಲಿನ ಸಂಗೀತಗಾರರ ಒಕ್ಕೂಟ ಅಡ್ಡ ನಿಂತಿತು. ನಾಯಕ ಬರಬಹುದು, ನುಡಿಸುವವರು ಮಾತ್ರ ನಮ್ಮವರೇ ಆಗಬೇಕು! ಬ್ರಿಟನ್ನಿನ ಸಂಗೀತಗಾರರ ಸಂಘ ಸಿಟ್ಟಾಯಿತು. ಆ ಸಿಟ್ಟಿನ ಹಿಂದೆ ಹೊಟ್ಟೆಪಾಡೂ ಇತ್ತು. ಮೂಕಿಚಿತ್ರಗಳ ಕಾಲದಲ್ಲಿ ಪರದೆಯ ಮುಂದೆ ಕೂತು ವಾದ್ಯ ನುಡಿಸುತ್ತಿದ್ದ ಸಾವಿರಾರು ಮಂದಿಯನ್ನು ಟಾಕಿ ಬಂದು ಬೀದಿಗೆ ತಳ್ಳಿತ್ತು. ಅಂಥವರಿಗೆ ಅಮೆರಿಕದ ತಂಡಗಳ ಮೇಲೆ ಪ್ರೀತಿ ಹುಟ್ಟಬೇಕೆಂದರೆ ಹೇಗೆ? 1935ರ ಹೊತ್ತಿಗೆ ಕಾರ್ಮಿಕ ಇಲಾಖೆ ಸಂಘದ ಮಾತಿಗೆ ಕಿವಿಗೊಟ್ಟು ಅಮೆರಿಕದ ತಂಡಗಳಿಗೆ ಪರವಾನಗಿ ಕೊಡುವುದನ್ನೇ ನಿಲ್ಲಿಸಿತು. ಅಲ್ಲಿಂದ 1956ರವರೆಗೆ, ಎರಡು ದಶಕ, ಬಾಗಿಲು ಮುಚ್ಚಿತು.

ಬಾಗಿಲು ಮುಚ್ಚಿದ ಮೇಲೆ ಕಿಂಡಿಗಳು ಹುಟ್ಟಿಕೊಳ್ಳಲೇಬೇಕು. ಈ ಇಪ್ಪತ್ತು ವರ್ಷಗಳ ರಸವತ್ತಾದ ಭಾಗವೇ ಅದು. 1936ರಲ್ಲಿ ಬಿಬಿಸಿಯ ನೃತ್ಯವಾದ್ಯ ತಂಡಕ್ಕೆಂದು ಬೆನ್ನಿ ಕಾರ್ಟರ್ ಅಮೆರಿಕದಿಂದ ಬಂದರು. ಪರವಾನಗಿ ಸಿಕ್ಕಿದ್ದು ಸ್ವರ ಸಂಯೋಜಿಸಿ ಬರೆದುಕೊಡುವುದಕ್ಕೆ. ಅವರ ಕಾಲದ ದೊಡ್ಡ ಸ್ಯಾಕ್ಸೊಫೋನ್ ವಾದಕರಲ್ಲಿ ಒಬ್ಬರು ಮೇಜಿನ ಮುಂದೆ ಕೂತು ಬರೆಯಬೇಕು, ನುಡಿಸುವವರು ಬೇರೆಯವರು. 1938ರಲ್ಲಿ ಪಿಯಾನೊ ವಾದಕ ಫ್ಯಾಟ್ಸ್ ವಾಲರ್ ಬಂದದ್ದು ‘ವೆರೈಟಿ’ ಕಲಾವಿದನೆಂಬ ಹಣೆಪಟ್ಟಿಯಲ್ಲಿ. ವೆರೈಟಿ ಎಂದರೆ ಜಾದೂಗಾರರು, ವಿದೂಷಕರು, ದೊಂಬರಾಟದವರ ಸಾಲು. ಅವರಿಗೆ ಸಂಗೀತ ಸಂಘದ ಕಟ್ಟಳೆ ತಾಗುತ್ತಿರಲಿಲ್ಲ. 1948ರಲ್ಲಿ ಎಲಿಂಗ್ಟನ್ ಎರಡನೆಯ ಸಲ ಬಂದಾಗ ತಂಡವನ್ನು ಊರಲ್ಲೇ ಬಿಟ್ಟು ಬರಬೇಕಾಯಿತು. ಜೊತೆಗೆ ಗಾಯಕಿ ಕೇ ಡೇವಿಸ್, ಇನ್ನೊಬ್ಬರು ರೇ ನ್ಯಾನ್ಸ್. ನ್ಯಾನ್ಸ್ ತುತ್ತೂರಿ, ಪಿಟೀಲು ಎರಡರಲ್ಲೂ ಪಳಗಿದವರು, ಆದರೆ ಹಾಡುತ್ತಿದ್ದರು, ಕುಣಿಯುತ್ತಲೂ ಇದ್ದರು. ಹಾಗಾಗಿ ಅವರೂ ವೆರೈಟಿ! ಗಿಟಾರು, ಬಾಸ್, ಡ್ರಮ್ಮಿಗೆ ಮೂವರು ಸ್ಥಳೀಯರನ್ನು ಹೊಂದಿಸಿಕೊಂಡರು. ಶ್ರೇಷ್ಠ ತಂಡವೊಂದರ ಯಜಮಾನ ಕಾನೂನಿನ ದಾಕ್ಷಿಣ್ಯಕ್ಕೆ ಸಣ್ಣ ಪಕ್ಕವಾದ್ಯದಲ್ಲಿ ಕಛೇರಿ ಮುಗಿಸಿದರು.

ಇನ್ನೊಂದು ಕಿಂಡಿ ಸಾಮ್ರಾಜ್ಯದ್ದು. ಆದೇಶ ಅನ್ವಯಿಸುತ್ತಿದ್ದದ್ದು ಪರಕೀಯರಿಗೆ, ಬ್ರಿಟಿಷ್ ಪ್ರಜೆಗಳಿಗಲ್ಲ. ಗಯಾನಾದಿಂದ ಬಂದ ಕೆನ್ ಜಾನ್ಸನ್ ವೆಸ್ಟ್ ಇಂಡೀಸಿನ ವಾದಕರನ್ನು ಕಟ್ಟಿಕೊಂಡು ಲಂಡನ್ನಿನ ಕೆಫೆ ಡಿ ಪ್ಯಾರಿಸಿನಲ್ಲಿ ಸ್ವಿಂಗ್ ನುಡಿಸಿದರು. 1941ರ ಮಾರ್ಚಿನಲ್ಲಿ ಅದೇ ಹೋಟೆಲಿನ ಮೇಲೆ ಜರ್ಮನರ ಬಾಂಬು ಬಿದ್ದು ಅವರು ತೀರಿಕೊಂಡರು. ಆ ಕಿಂಡಿಯನ್ನು 1962ರ ಕಾಮನ್‌ವೆಲ್ತ್ ವಲಸೆ ಕಾಯ್ದೆ ಕಿರಿದು ಮಾಡಿತು. ಅಲ್ಲಿಂದಾಚೆಗೆ ನಮ್ಮವರಿಗೂ ಕಾಗದಪತ್ರದ ಕಾಲ ಶುರುವಾಯಿತು.

ಈ ಕತೆಯಲ್ಲಿ ನನಗೆ ಎಲ್ಲರಿಗಿಂತ ಹತ್ತಿರದವರು ಸಿಡ್ನಿ ಬಶೇ. ನ್ಯೂ ಆರ್ಲಿಯನ್ಸಿನ ಈ ಕ್ಲಾರಿನೆಟ್ ವಾದಕ 1919ರಲ್ಲಿ ಮೊದಲ ಸಲ ಲಂಡನ್ನಿಗೆ ಬಂದರು. ಅಲ್ಲಿನ ಅಂಗಡಿಯೊಂದರಲ್ಲಿ ನೆಟ್ಟನೆಯ ಸೊಪ್ರಾನೊ ಸ್ಯಾಕ್ಸೊಫೋನ್ ಕಂಡು ಕೊಂಡರು. ಜಗತ್ತು ಅವರನ್ನು ಗುರುತಿಸಿದ್ದು ಆ ವಾದ್ಯದಿಂದ. ಮಹಾ ಮುಂಗೋಪಿ, 1922ರಲ್ಲಿ ಹಲ್ಲೆ ಪ್ರಕರಣವೊಂದರಲ್ಲಿ ಶಿಕ್ಷೆಯಾಗಿ ಬ್ರಿಟನ್ನಿನಿಂದ ಗಡೀಪಾರಾದರು. 1949ರ ನವೆಂಬರ್ 13ರಂದು, ಹಾಕಿನ್ಸ್ ಪ್ರಸಂಗಕ್ಕೆ ನಾಲ್ಕು ವಾರ ಮೊದಲು, ಅವರು ಪುನಃ ಲಂಡನ್ನಿನಲ್ಲಿದ್ದರು. ಅವರಿಗೂ ಪರವಾನಗಿ ಇರಲಿಲ್ಲ. ವಿಂಟರ್ ಗಾರ್ಡನ್ ಥಿಯೇಟರಿನಲ್ಲಿ ಹಂಫ್ರಿ ಲಿಟಲ್ಟನ್ ತಂಡದ ಕಛೇರಿ. ಬಶೇ ಬರಿಯ ಅತಿಥಿ ಎಂಬ ನೆಪ. ಅತಿಥಿ ವೇದಿಕೆ ಹತ್ತಿ ನುಡಿಸಿಯೇಬಿಟ್ಟರು. ಅಂದೇ ಲಿಟಲ್ಟನ್ ತಂಡದೊಂದಿಗೆ ಧ್ವನಿಮುದ್ರಣವನ್ನೂ ಮಾಡಿದರು. ಆ ತಟ್ಟೆಗಳು ಇವತ್ತಿಗೂ ಸಿಗುತ್ತವೆ. ಈಟನ್ನಿನಲ್ಲಿ ಓದಿ ಗಾರ್ಡ್ಸ್ ಪಡೆಯಲ್ಲಿ ಅಧಿಕಾರಿಯಾಗಿದ್ದ ಲಿಟಲ್ಟನ್ ಒಂದು ಕಡೆ, ನ್ಯೂ ಆರ್ಲಿಯನ್ಸಿನ ಬಶೇ ಇನ್ನೊಂದು ಕಡೆ. ಇಬ್ಬರೂ ಕೂಡಿ ನುಡಿಸುವುದನ್ನು ಕೇಳಿದರೆ ಯಾರು ಯಾರ ಅನ್ನ ಕಸಿದರೆಂದು ಹೇಳುವುದು ಕಷ್ಟ. ಆದರೂ ಕರೆಸಿದವರು ಕೋರ್ಟು ಹತ್ತಬೇಕಾಯಿತು. ಬಶೇ ಫ್ರಾನ್ಸಿಗೆ ಹೋಗಿ ನೆಲೆಸಿ 1959ರಲ್ಲಿ ಅಲ್ಲೇ ತೀರಿಕೊಂಡರು. ಫ್ರಾನ್ಸ್ ಅವರನ್ನು ತಲೆಯ ಮೇಲೆ ಹೊತ್ತು ಮೆರೆಸಿತು.

ಬ್ರಿಟನ್ನಿನ ಕೇಳುಗರ ಪಾಡನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. 1953ರಲ್ಲಿ ಅಮೆರಿಕದ ಸ್ಟ್ಯಾನ್ ಕೆಂಟನ್ ತಂಡ ಡಬ್ಲಿನ್ನಿನಲ್ಲಿ ನುಡಿಸಿತು; ಐರ್ಲೆಂಡ್ ಬೇರೆ ದೇಶ, ಅಲ್ಲಿ ನಿಷೇಧವಿಲ್ಲ. ಸಾವಿರಾರು ಇಂಗ್ಲಿಷರು ಹಡಗು ಹತ್ತಿ ಸಮುದ್ರ ದಾಟಿ ಕೇಳಿ ಬಂದರು. ಅದೇ ವರ್ಷದ ಆರಂಭದಲ್ಲಿ ಉತ್ತರ ಸಮುದ್ರ ಉಕ್ಕಿ ಪೂರ್ವ ಕರಾವಳಿ ಮುಳುಗಿದಾಗ ನೆರೆ ಪರಿಹಾರಕ್ಕೆಂದು ಸಹಾಯಾರ್ಥ ಕಛೇರಿ ನಡೆಸಲು ಸಂಘ ಒಪ್ಪಿತು. ಎಲಾ ಫಿಟ್ಸ್‌ಜೆರಾಲ್ಡ್, ಲೆಸ್ಟರ್ ಯಂಗ್ ಅಂಥವರು ಲಂಡನ್ನಿನಲ್ಲಿ ವೇದಿಕೆ ಹತ್ತಿದರು. ಅವರನ್ನು ಕೇಳಲು ಊರು ಮುಳುಗಬೇಕಾಯಿತು! ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ಪ್ಯಾರಿಸ್ಸಿಗೆ ಬಂದರು, ಸ್ವೀಡನ್ನಿಗೆ ಬಂದರು, ಬ್ರಿಟನ್ನಿನಲ್ಲಿ ಒಂದು ಕಛೇರಿಯನ್ನೂ ಕೊಡಲಿಲ್ಲ. 1955ರ ಮಾರ್ಚಿನಲ್ಲಿ ಸತ್ತರು. ಬಾಗಿಲು ತೆರೆದದ್ದು ಮುಂದಿನ ವರ್ಷ.

ತೆರೆದ ಬಗೆಯಾದರೂ ಎಂಥದು? ಕಿವಿಗೆ ಅಲ್ಲಿ ಕೆಲಸವೇ ಇರಲಿಲ್ಲ, ಲೆಕ್ಕ ತಲೆಗೆ ತಲೆ. ಅಲ್ಲಿಂದ ಇಷ್ಟು ಮಂದಿ ಬಂದರೆ ಇಲ್ಲಿಂದ ಅಷ್ಟೇ ಮಂದಿ ಹೋಗಬೇಕು. 1956ರಲ್ಲಿ ಕೆಂಟನ್ ತಂಡ ಬ್ರಿಟನ್ನಿಗೆ ಬಂತು, ಟೆಡ್ ಹೀತ್ ತಂಡ ಅಮೆರಿಕಕ್ಕೆ ಹೋಯಿತು. ಆರ್ಮ್‌ಸ್ಟ್ರಾಂಗ್ ಬಂದರು, ಬದಲಿಗೆ ಫ್ರೆಡ್ಡಿ ರ್‍ಯಾಂಡಲ್ ತಂಡ ಹೊರಟಿತು. ಟೆಡ್ ಹೀತ್ ತಂಡದವರು ಅಮೆರಿಕದಲ್ಲಿ ನ್ಯಾಟ್ ಕಿಂಗ್ ಕೋಲ್ ಅವರ ಜೊತೆ ಪ್ರವಾಸ ಮಾಡಿದರು. ಏಪ್ರಿಲ್ 10ರಂದು ಅಲಬಾಮಾದ ಬರ್ಮಿಂಗ್‌ಹ್ಯಾಮಿನಲ್ಲಿ ಕೋಲ್ ಹಾಡುತ್ತಿದ್ದಾಗ ಬಿಳಿಯ ಜನಾಂಗವಾದಿಗಳು ವೇದಿಕೆಗೆ ನುಗ್ಗಿ ಅವರ ಮೇಲೆ ಬಿದ್ದರು. ಇಪ್ಪತ್ತು ವರ್ಷ ಹೋರಾಡಿ ಗಳಿಸಿಕೊಂಡ ವಿನಿಮಯದ ಮೊದಲ ಪ್ರವಾಸದಲ್ಲೇ ಬ್ರಿಟಿಷ್ ವಾದಕರು ಕಂಡದ್ದು ಇದನ್ನು.

ಮುಂದಿನದನ್ನು ಬೇಗ ಹೇಳಬಹುದು. 1965ರಲ್ಲಿ ಅಮೆರಿಕದ ಒಕ್ಕೂಟ ಬ್ರಿಟನ್ನಿನ ಕಿಂಕ್ಸ್ ತಂಡಕ್ಕೆ ನಾಲ್ಕು ವರ್ಷ ದಾರಿ ಮುಚ್ಚಿತು. 1990ರಲ್ಲಿ ಅಮೆರಿಕ ಹೊಸ ವಲಸೆ ಕಾಯ್ದೆ ತಂದು ಕಲಾವಿದರಿಗೆ ಓ ಮತ್ತು ಪಿ ಎಂಬ ಪ್ರತ್ಯೇಕ ವೀಸಾ ವರ್ಗಗಳನ್ನು ಮಾಡಿತು. ಪಿ ವರ್ಗದ ಮುಖ್ಯ ವಿಭಾಗಗಳಿಗೆ ವರ್ಷಕ್ಕೆ 25,000ದ ಮಿತಿ ಹಾಕಲಾಗಿತ್ತು. ಕಲಾಸಂಸ್ಥೆಗಳು ಬೊಬ್ಬೆ ಹೊಡೆದ ಮೇಲೆ, ಜಾರಿಗೆ ಬರುವ ಮೊದಲೇ, 1991ರಲ್ಲಿ ತೆಗೆದರು. ಬ್ರಿಟನ್ 2008ರಲ್ಲಿ ಅಂಕಗಳ ಪದ್ಧತಿ ತಂದು ಕರೆಸುವವರಿಗೆ ಲೈಸೆನ್ಸ್ ಕಡ್ಡಾಯ ಮಾಡಿತು. ಮರುವರ್ಷ ಇರಾನಿನ ಚಿತ್ರ ನಿರ್ದೇಶಕ ಅಬ್ಬಾಸ್ ಕಿಯರೊಸ್ತಮಿ ವೀಸಾ ಕಿರಿಕಿರಿಗೆ ಬೇಸತ್ತು ಲಂಡನ್ನಿನ ಒಪೆರಾ ನಿರ್ದೇಶನವನ್ನೇ ಕೈಬಿಟ್ಟರು.

ಹಳೆಯ ಜಗಳದ ಒಂದು ತುಣುಕು ಅಮೆರಿಕದ ಕಾನೂನಿನಲ್ಲಿ ಇನ್ನೂ ಉಳಿದಿದೆ. ಓ ಅಥವಾ ಪಿ ಅರ್ಜಿಯ ಜೊತೆ ಆ ಕ್ಷೇತ್ರದ ಕಾರ್ಮಿಕ ಸಂಘದ ಅಭಿಪ್ರಾಯ ಪತ್ರ ಲಗತ್ತಿಸಬೇಕು. ನಮ್ಮ ಕರಾವಳಿಯ ಯಕ್ಷಗಾನ ತಂಡವನ್ನು ಕರೆಸಲು ಹೊರಟ ಅಲ್ಲಿನ ಕನ್ನಡ ಸಂಘದವರಿಗೆ ಈ ಕಾಗದದ ಬಿಸಿ ತಟ್ಟುತ್ತದೆ. ಪಿ-3 ವರ್ಗದಲ್ಲಿ ಬರುವವರು ತಮ್ಮ ಕಲೆ ಒಂದು ಸಂಸ್ಕೃತಿಗೆ ವಿಶಿಷ್ಟವಾದದ್ದೆಂದು ಬಲ್ಲವರ ಪತ್ರಗಳಿಂದ ತೋರಿಸಬೇಕು. ಒಪ್ಪಂದ, ಯಾವ ಊರಿನಲ್ಲಿ ಯಾವ ದಿನ ಪ್ರದರ್ಶನವೆಂಬ ಪಟ್ಟಿ, ಭಾಗವತರಿಂದ ಹಿಡಿದು ಚೆಂಡೆ, ಮದ್ದಳೆಯವರವರೆಗೆ ಪ್ರತಿಯೊಬ್ಬರ ಹೆಸರು, ಎಲ್ಲ ಬೇಕು. ಬಲಿಪ ಭಾಗವತರ ಶೈಲಿಯ ಪದಕ್ಕೂ ಇನ್ನೊಬ್ಬರ ಪದಕ್ಕೂ ಏನು ಅಂತರವೆಂದು ಅಮೆರಿಕದ ಯಾವ ಕಾರ್ಮಿಕ ಸಂಘ ಬಲ್ಲದು? ಅಲ್ಲಿ ಯಾರ ಅನ್ನಕ್ಕೂ ನಮ್ಮ ಭಾಗವತರಿಂದ ಕುತ್ತಿಲ್ಲ. ಆದರೂ ಕಾಗದ ಬೇಕೇ ಬೇಕು.

ಶುಲ್ಕದ ಮಾತು ಬೇರೆ. 460 ಡಾಲರ್ ಇದ್ದ ಅರ್ಜಿ ಶುಲ್ಕ 2024ರ ಏಪ್ರಿಲ್‌ನಿಂದ ಪಿ ವರ್ಗಕ್ಕೆ 1,015 ಆಗಿದೆ. ಲಾಭಕ್ಕಲ್ಲದ ಸಂಸ್ಥೆಗಳಿಗೆ ರಿಯಾಯಿತಿ ಉಂಟು. ಅದರ ಮೇಲೆ ತಲಾ 205 ಡಾಲರ್ ವೀಸಾ ಶುಲ್ಕ, ವಿಮಾನದ ಟಿಕೆಟು, ವಕೀಲರ ಫೀಸು. ವೀಸಾ ತಿರಸ್ಕೃತವಾದರೆ ಇದರಲ್ಲಿ ಬಹುಪಾಲು ನೀರಿಗೆ ಹೋದಂತೆ. ಈ ಹೊರೆ ಹೊರುವವರು ಹಗಲು ತಮ್ಮ ನೌಕರಿ ಮಾಡಿ ರಾತ್ರಿ ಕೂತು ಫಾರಂ ತುಂಬುವ ಸಂಘದ ಕಾರ್ಯದರ್ಶಿಗಳು.

1935ರಲ್ಲಿ ಬಾಗಿಲು ಮುಚ್ಚಿದವರಿಗೆ ಕಾರಣವಾದರೂ ಇತ್ತು. ಕೆಲಸ ಕಳೆದುಕೊಂಡ ವಾದಕರು ಅವರ ಕಣ್ಣ ಮುಂದೆಯೇ ಇದ್ದರು. ಇವತ್ತಿನ ಬಾಗಿಲಿಗೆ ಅಂಥ ಎದುರಾಳಿ ಯಾರೂ ಇಲ್ಲ, ಇರುವುದು ಫಾರಮ್ಮು ಮತ್ತು ಬೆಲೆಪಟ್ಟಿ. ಬೆಲೆ ಏರಿದಷ್ಟೂ ಸಂಘದವರು ಲೆಕ್ಕ ಹಾಕುತ್ತಾರೆ: ಹತ್ತು ಹನ್ನೆರಡು ಮಂದಿಯ ಮೇಳವೋ, ಸಭಾಂಗಣ ತುಂಬಿಸುವ ಒಬ್ಬ ಸಿನಿಮಾ ಗಾಯಕನೋ? ಆಯ್ಕೆ ಎತ್ತ ವಾಲುತ್ತದೆಂದು ಹೇಳಬೇಕಾಗಿಲ್ಲ, ಅವರನ್ನು ದೂರಿಯೂ ಫಲವಿಲ್ಲ. ಮೊದಲು ಪಟ್ಟಿಯಿಂದ ಬಿಟ್ಟುಹೋಗುವ ಹೆಸರು ಎರಡನೆಯ ಚೆಂಡೆಯವರದು. ಅವರಿಲ್ಲದೆ ಯುದ್ಧದ ಪ್ರಸಂಗ ಸೊರಗುತ್ತದೆಂಬುದು ಆಟ ಕಂಡವರಿಗೆ ಗೊತ್ತು, ಅರ್ಜಿ ಪರಿಶೀಲಿಸುವವರಿಗೆ ಗೊತ್ತಿರಬೇಕಾದ ಅಗತ್ಯವೇ ಇಲ್ಲ.