ಕಟ್ಟಿಸಿಕೊಳ್ಳಬೇಡಿ, ಕೂತೇ ತಿನ್ನಿ!

ಓದುಗ ಸೋದರಿಯರೇ, ಒಂದು ಪ್ರಶ್ನೆ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಗಂಡ, ಮಕ್ಕಳು, ಅಣ್ಣ, ತಮ್ಮ ಯಾರೂ ಜೊತೆಗಿಲ್ಲದೆ, ನಿಮ್ಮಷ್ಟಕ್ಕೆ ನೀವೇ ಒಂದು ಪುಟ್ಟ ಹೋಟೆಲಿನ ಬೆಂಚಿನ ಮೇಲೆ ಕೂತು ತಿಂಡಿ ತಿಂದದ್ದು ಯಾವಾಗ? ಬೆಂಗಳೂರಿನ ದರ್ಶಿನಿಯ ಮಾತಲ್ಲ. ಪರದೆ ಎಳೆದ ‘ಫ್ಯಾಮಿಲಿ ರೂಮಿ’ನ ಮಾತೂ ಅಲ್ಲ. ಬಸ್ಸು ನಿಲ್ಲುವ ಕಡೆ ತಗಡು ಹೊದಿಸಿದ ಅಂಗಡಿ ಇರುತ್ತದಲ್ಲ, ಬಾಗಿಲಲ್ಲೇ ಒಲೆ, ಒಲೆಯ ಮೇಲೆ ದೊಡ್ಡ ಬಾಣಲೆ, ಒಳಗೆ ನಾಲ್ಕೇ ನಾಲ್ಕು ಬೆಂಚು – ಅಂಥದ್ದರ ಮಾತು ಹೇಳುತ್ತಿದ್ದೇನೆ.

ನಾನಂತೂ ಮದುವೆಯಾದ ಮೇಲೆ ಹಾಗೆ ಕೂತದ್ದೇ ಇಲ್ಲ. ಮೊನ್ನೆ ತುರ್ವಿಹಾಳದಲ್ಲಿ ಕೂರಬೇಕಾಗಿ ಬಂತು. ಅದನ್ನೇ ನಿಮಗೆ ಹೇಳೋಣ ಅಂತ.

ತುರ್ವಿಹಾಳ ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನ ಊರು. ಆ ಕಡೆ ಮಸ್ಕಿ. ಶಾಸನದಲ್ಲಿ ಅಶೋಕ ಚಕ್ರವರ್ತಿಯ ಹೆಸರು ಸ್ಪಷ್ಟವಾಗಿ ಸಿಕ್ಕಿತೆಂದು 1915ರಲ್ಲಿ ಹೆಸರಾಯಿತಲ್ಲ, ಅದೇ ಮಸ್ಕಿ. ಒಂದು ಕಾಲಕ್ಕೆ ಬರೀ ಜೋಳದ ಸೀಮೆ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸಿಂಧನೂರು ಸುತ್ತ ಭತ್ತದ ಗದ್ದೆ, ಅಕ್ಕಿ ಗಿರಣಿ. ಮನೆಗಳಲ್ಲಿ ಮಾತ್ರ ಇವತ್ತಿಗೂ ರೊಟ್ಟಿ ಬಡಿಯುವ ಸದ್ದು ನಿಂತಿಲ್ಲ.

ನಾನು ಹೋಗಿದ್ದು ನೆಂಟರ ಮನೆಯ ತೊಟ್ಟಿಲ ಕಾರ್ಯಕ್ಕೆ. ಮರುದಿನ ಮುಂಜಾನೆಯೇ ಹೊರಟೆ. “ಎರಡು ರೊಟ್ಟಿ ಕಟ್ಟಿಕೊಡ್ತೀವಿ, ತಡೀರಿ” ಅಂದರು. ಬಸ್ಸು ತಪ್ಪೀತು ಅಂತ ನಾನು ಕೇಳಲಿಲ್ಲ. ಬಂದು ನೋಡಿದರೆ ಬಸ್ಸು ಹೋಗಿಯೇ ಬಿಟ್ಟಿತ್ತು! ಮುಂದಿನದು ಇನ್ನೆಷ್ಟು ಹೊತ್ತಿಗೋ. ಬರಿಹೊಟ್ಟೆ. ಎದುರಿಗೇ ಒಗ್ಗರಣೆ-ಮಿರ್ಚಿಯ ಅಂಗಡಿ. ಆ ವಾಸನೆ ಬರುತ್ತಿದ್ದರೆ ನಿಲ್ಲುವುದಾದರೂ ಹೇಗೆ ಹೇಳಿ?

ಆದರೂ ನಿಂತೇ ಇದ್ದೆ. ಬೆಂಚಿನ ತುಂಬ ಗಂಡಸರು.

ನನ್ನ ಪಕ್ಕದಲ್ಲಿ ಒಬ್ಬ ಅಜ್ಜಿ ನೆಲದ ಮೇಲೆ ಕೂತಿದ್ದಳು. ಕೈಯಲ್ಲಿ ಆಸ್ಪತ್ರೆಯ ಚೀಟಿ ಇದ್ದ ಪ್ಲಾಸ್ಟಿಕ್ ಚೀಲ. ಸಿಂಧನೂರಿನ ದವಾಖಾನೆಗೆ ಹೊರಟಿದ್ದಳು. ಮಾತಿಗೆ ಮಾತು ಬಂತು. ರಾತ್ರಿ ಉಂಡದ್ದೇ ಕೊನೆ, ಇನ್ನು ಮನೆಗೆ ಮರಳಿದ ಮೇಲೇ ಊಟವಂತೆ. ಅಂದರೆ ಸಂಜೆಯೇ ಸರಿ. “ಅಲ್ಲೇ ಅಂಗಡಿ ಇದೆಯಲ್ಲಮ್ಮ, ರೊಕ್ಕ ಇಲ್ಲವೇನು?” ಎಂದು ಕೇಳಿಬಿಟ್ಟೆ. ಅಜ್ಜಿ ಸೆರಗಿನ ಗಂಟು ಮುಟ್ಟಿ ತೋರಿಸಿದಳು. “ರೊಕ್ಕ ಐತ್ಯವ್ವ. ಗಂಡಸ್ರು ಕುಂತಾರಲ್ಲ, ಹೆಂಗ ಹೋಗೂದು?”

ನನಗೆ ನಾಚಿಕೆಯಾಯಿತು. ಅಕ್ಷರ ಕಲಿತ ನಾನೂ, ಹೆಬ್ಬೆಟ್ಟಿನ ಅಜ್ಜಿಯೂ ಒಂದೇ ಕಾರಣಕ್ಕೆ ಹಸಿದು ನಿಂತಿದ್ದೆವು. “ಏಳಮ್ಮ, ಇಬ್ಬರೂ ಹೋಗೋಣ” ಎಂದೆ.

ಬಾಣಲೆಯ ಮುಂದೆ ಇದ್ದವಳು ಆ ಅಂಗಡಿಯವನ ಹೆಂಡತಿ. ನಲವತ್ತರ ಆಸುಪಾಸು. ನಮ್ಮನ್ನು ಕಂಡವಳೇ, “ಬರ್ರಿ ಅಕ್ಕಾರ, ಬಾ ಬೇ ಯಮ್ಮ, ಒಳಗ ಕುಂದ್ರು ಬಾ” ಎಂದು ಕರೆದಳು. ಒಳಗಿದ್ದವರ ಕಡೆ ತಿರುಗಿ, “ಏ, ಆ ಕಡೆ ಸರಿರಪ್ಪ ಸ್ವಲ್ಪ!” ಎಂದಳು. ಅಷ್ಟೇ. ನಾಲ್ಕು ಜನ ಸರಿದರು. ಒಬ್ಬ ಹುಡುಗ ಎದ್ದೇ ನಿಂತ. ಯಾರೂ ನಮ್ಮನ್ನು ತಿರುಗಿ ನೋಡಲಿಲ್ಲ, ಯಾರೂ ನಗಲಿಲ್ಲ. ನೋಡುತ್ತಾರೆ ಅಂತ ನಾವು ಅಂದುಕೊಂಡದ್ದೇ ಹೆಚ್ಚು. (ಎಲ್ಲ ಊರಲ್ಲೂ ಹೀಗೆಯೇ ಎಂದು ನಾನು ಹೇಳುವುದಿಲ್ಲ. ದುರುಗುಟ್ಟಿ ನೋಡುವವರ ಊರನ್ನೂ ಕಂಡಿದ್ದೇನೆ.)

ಒಗ್ಗರಣೆ ಎಂದರೆ ಮೈಸೂರು ಕಡೆಯವರಿಗೆ ಸಾಸಿವೆ ಸಿಡಿಸುವುದು ಮಾತ್ರ. ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯಲ್ಲಿ ‘ಒಂದ್ ಪ್ಲೇಟ್ ಒಗ್ಗರಣಿ’ ಎಂದರೆ ಮಂಡಕ್ಕಿಯ ತಿಂಡಿ. ಮಂಡಾಳು, ಚುರುಮುರಿ ಎಂದೂ ಕರೆಯುತ್ತಾರೆ. ಧಾರವಾಡದ ಕಡೆ ಇದಕ್ಕೇ ಸುಸಲ ಎನ್ನುತ್ತಾರೆ. ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ಈರುಳ್ಳಿ ಮೆಣಸಿನಕಾಯಿಯ ಒಗ್ಗರಣೆಗೆ ಹಾಕಿ, ಮೇಲೆ ಪುಟಾಣಿ ಹಿಟ್ಟು ಉದುರಿಸುತ್ತಾರೆ. ಪುಟಾಣಿ ಎಂದರೆ ನಮ್ಮ ಹುರಿಗಡಲೆ. ಪಕ್ಕದಲ್ಲಿ ಬಿಸಿ ಬಿಸಿ ಮಿರ್ಚಿ, ಅಂದರೆ ಮೆಣಸಿನಕಾಯಿ ಬಜ್ಜಿ.

ತಟ್ಟೆ ಬಂತು. ಅರಿಸಿನದ ಹಳದಿ, ಹಿಂಡಿದ ನಿಂಬೆಯ ಹುಳಿ, ಅಲ್ಲಲ್ಲಿ ಹಲ್ಲಿಗೆ ಸಿಗುವ ಈರುಳ್ಳಿ. ಮಂಡಕ್ಕಿ ಮೆತ್ತಗಿದೆ, ಆದರೆ ಮುದ್ದೆಯಾಗಿಲ್ಲ. ಮಿರ್ಚಿಯ ತುದಿ ಕಚ್ಚಿದೆ. ಒಳಗಿನ ಹಬೆ ನಾಲಿಗೆ ಸುಟ್ಟಿತು. ಖಾರ ಕಿವಿಗೆ ಹೋಯಿತು! ಅಜ್ಜಿ ನನ್ನ ಅವಸ್ಥೆ ನೋಡಿ ಬೊಚ್ಚು ಬಾಯಲ್ಲಿ ನಕ್ಕಳು. “ಮಿರ್ಚಿ ತುದಿ ಕಡ್ಯಬಾರ್ದವ್ವ, ನಡಕ ಮುರ್ಕೊಂಡು ಒಗ್ಗರಣಿ ಜೋಡಿ ತಿನ್ನು” ಎಂದು ಕಲಿಸಿಕೊಟ್ಟಳು. ಹಾಗೆ ತಿಂದರೆ ಬೇರೆಯೇ ರುಚಿ. ಮಿರ್ಚಿಯ ಎಣ್ಣೆ ಮಂಡಕ್ಕಿಗೆ ಇಳಿಯುತ್ತದೆ, ಪುಟಾಣಿ ಹಿಟ್ಟು ಖಾರವನ್ನು ಹೀರುತ್ತದೆ.

ತಿನ್ನುತ್ತಾ ನನಗೆ ಬೆಂಗಳೂರಿನ ಒಂದು ಅಂಗಡಿ ನೆನಪಾಯಿತು. ಕಳೆದ ವರ್ಷ ತಂಗಿಯ ಮಗಳು ನನ್ನನ್ನು ಜಪಾನೀಯರ ‘ರಾಮೆನ್’ ತಿನ್ನಿಸಲು ಕರೆದೊಯ್ದಿದ್ದಳು. ದೊಡ್ಡ ಬಟ್ಟಲಿನಲ್ಲಿ ಬಿಸಿ ಸಾರು, ಸಾರಿನಲ್ಲಿ ಗೋಧಿಯ ಎಳೆ ಶಾವಿಗೆ, ಮೇಲೆ ತರಕಾರಿ. ಚೀನಾದಿಂದ ಜಪಾನಿಗೆ ಹೋದ ತಿಂಡಿಯಂತೆ ಅದು. ಟೋಕಿಯೋದ ಅಸಾಕುಸದಲ್ಲಿ ಅದಕ್ಕೆಂದೇ 1910ರಲ್ಲಿ ಒಂದು ಅಂಗಡಿ ತೆರೆದು ಹೆಸರು ಮಾಡಿತ್ತು. 1958ರಲ್ಲಿ ಮೊಮೊಫುಕು ಆಂಡೊ ಎಂಬುವವರು ಅದನ್ನೇ ಒಣಗಿಸಿ ಪೊಟ್ಟಣದಲ್ಲಿ ಕಟ್ಟಿ ಮಾರಿದರು. ನಮ್ಮ ಮಕ್ಕಳು ಎರಡು ನಿಮಿಷಕ್ಕೆ ಬೇಯಿಸಿಕೊಳ್ಳುವ ನೂಡಲ್ಸಿನ ಮೂಲ ಅಲ್ಲಿದೆ. ಆ ಶಾವಿಗೆ ಹಳದಿಯಾಗಿ, ಎಳೆದರೆ ತುಂಡಾಗದ ಹಾಗೆ ಇರಲು ಹಿಟ್ಟಿಗೆ ಒಂದು ಬಗೆಯ ಕ್ಷಾರ ಸೇರಿಸುತ್ತಾರಂತೆ. ನಮ್ಮ ಹಪ್ಪಳಖಾರದ ಜಾತಿಯದೇ ಅನ್ನಿ! ಇನ್ನು ಅದನ್ನು ಸೊರ ಸೊರ ಸದ್ದು ಮಾಡಿಯೇ ತಿನ್ನಬೇಕಂತೆ, ತಪ್ಪಿಲ್ಲವಂತೆ. ನಮ್ಮ ಅತ್ತೆಯವರು ಇದ್ದಿದ್ದರೆ ಎದ್ದೇ ಹೋಗುತ್ತಿದ್ದರು.

ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಬೇರೆ. ಅಲ್ಲಿ ರಾಮೆನ್ ಅಂಗಡಿ ಎಂದರೆ ಉದ್ದನೆಯ ಕಟ್ಟೆಯ ಮುಂದೆ ಸಾಲಾಗಿ ಸ್ಟೂಲು. ಒಬ್ಬರೇ ಬರುವುದು, ಬೇಗ ತಿನ್ನುವುದು, ಎದ್ದು ಹೋಗುವುದು. ಬಿಟ್ಟರೆ ಶಾವಿಗೆ ಊದಿಕೊಳ್ಳುತ್ತದೆ. ಅಂಥ ಜಪಾನಿನಲ್ಲೂ ಬಹುಕಾಲ ಅದು ಗಂಡಸರ ಜಾಗವಾಗಿತ್ತು, ಹೆಣ್ಣುಮಕ್ಕಳು ಒಬ್ಬರೇ ಒಳಗೆ ಹೋಗಲು ಹಿಂಜರಿಯುತ್ತಿದ್ದರು ಎಂದು ಹುಡುಗಿ ಹೇಳಿದಳು. ಅಷ್ಟು ಮುಂದುವರಿದ ದೇಶದವರ ಪಾಡೇ ಹೀಗೆ ಎಂದ ಮೇಲೆ ತುರ್ವಿಹಾಳದ ಅಜ್ಜಿಯನ್ನು ಏಕೆ ಆಡಿಕೊಳ್ಳಲಿ?

ಅಂಗಡಿಯಾಕೆಯನ್ನು ಕೇಳಿದೆ, “ಇಲ್ಲಿ ಹೆಂಗಸರು ಬರುವುದೇ ಇಲ್ಲವೇನಮ್ಮ?”

“ಬರ್ತಾರ್ರಿ ಅಕ್ಕಾರ, ಯಾಕ್ ಬರಂಗಿಲ್ಲ? ಆದ್ರ ಕುಂದ್ರಂಗಿಲ್ಲ. ಕಟ್ಟಿಸ್ಕೊಂಡು ಹೋಗ್ತಾರ. ಬಿಸಿ ಇದ್ದಾಗ ತಿನ್ನಂಗಿಲ್ಲ, ಮನಿಗೆ ಹೋಗಿ ಹುಡುಗರ್ಗೆ ಕೊಟ್ಟು, ಉಳಿದ್ರ ತಾವು ತಿಂತಾರ.”

“ನೀನು?”

“ನಂದೇನ್ರಿ, ಹನ್ನೊಂದ್ ಗಂಟಿಗೆ ಗಿರಾಕಿ ಕಡಿಮಿ ಆಗ್ತಾರ. ಆವಾಗ ನಿಂತ್ಕೊಂಡ ಎರಡ್ ತುತ್ತು.”

ನೋಡಿದಿರಾ! ನಸುಕಿನಿಂದ ಹಿಟ್ಟು ಕಲಸಿ, ಊರಿಗೆಲ್ಲ ಮಿರ್ಚಿ ಕರಿದು ಹಾಕುವವಳು ತನ್ನದೇ ಅಂಗಡಿಯ ಬೆಂಚಿನ ಮೇಲೆ ಕೂರುವುದಿಲ್ಲ.

2023ರ ಜೂನ್ 11ರಂದು ನಮ್ಮ ರಾಜ್ಯದಲ್ಲಿ ‘ಶಕ್ತಿ’ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡು ಇಲ್ಲವಾಯಿತು. ಆಸ್ಪತ್ರೆಗೆ, ಬ್ಯಾಂಕಿಗೆ, ಕೂಲಿಗೆ, ದೇವಸ್ಥಾನಕ್ಕೆ ಹೆಣ್ಣುಮಕ್ಕಳು ಓಡಾಡುತ್ತಿದ್ದೇವೆ. ಬಸ್ಸು ಹತ್ತುವುದನ್ನು ಕಲಿತೆವು, ಇಳಿದ ಮೇಲೆ ತಿನ್ನುವುದನ್ನು ಕಲಿಯಲಿಲ್ಲ. ಹೊರಟಾಗ ತಿನ್ನುವುದಿಲ್ಲ, ದಾರಿಯಲ್ಲಿ ನೀರೂ ಕುಡಿಯುವುದಿಲ್ಲ. ನೀರು ಯಾಕೆ ಕುಡಿಯುವುದಿಲ್ಲ ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಬಸ್ ನಿಲ್ದಾಣಗಳ ಶೌಚಾಲಯ ಕಂಡವರಿಗೆಲ್ಲ ಗೊತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಒಂದು ಪ್ಲೇಟು ಒಗ್ಗರಣೆಯಿಂದ ರಕ್ತ ಹೆಚ್ಚುತ್ತದೆ ಎಂದು ನಾನು ಸುಳ್ಳು ಹೇಳಲಾರೆ. ಮಂಡಕ್ಕಿ ಎಷ್ಟಾದರೂ ಅಕ್ಕಿಯೇ. ಬೇಗ ಹೊಟ್ಟೆ ತುಂಬಿಸಿ ಬೇಗ ಹಸಿವು ತರಿಸುತ್ತದೆ. ಸಕ್ಕರೆ ಕಾಯಿಲೆಯವರು ಮಿತವಾಗಿ ತಿನ್ನಬೇಕು. ಅದರಲ್ಲಿ ಸ್ವಲ್ಪವಾದರೂ ಸತ್ವ ಕೊಡುವುದು ಆ ಪುಟಾಣಿ ಹಿಟ್ಟು, ಮಿರ್ಚಿಯ ಕಡಲೆ ಹಿಟ್ಟು. ಆದರೆ ಬರಿಹೊಟ್ಟೆಯಲ್ಲಿ ದವಾಖಾನೆಯ ಸಾಲಿನಲ್ಲಿ ನಿಂತು ತಲೆ ಸುತ್ತಿ ಬೀಳುವುದಕ್ಕಿಂತ ಇದು ಎಷ್ಟೋ ಮೇಲಲ್ಲವೇ? (ಖಾಲಿ ಹೊಟ್ಟೆಯಲ್ಲೇ ರಕ್ತ ಪರೀಕ್ಷೆಗೆ ಬರಬೇಕೆಂದು ಡಾಕ್ಟರು ಹೇಳಿದ್ದರೆ ಮಾತು ಬೇರೆ. ಅಜ್ಜಿಯನ್ನೂ ಮೊದಲು ಅದನ್ನೇ ಕೇಳಿಕೊಂಡೆ.)

ಕಟ್ಟಿಸಿಕೊಂಡು ಹೋಗುವುದರಲ್ಲಿ ಇನ್ನೊಂದು ಕೆಡುಕಿದೆ. ಬಿಸಿ ಮಿರ್ಚಿಯನ್ನು ಹಳೇ ಪೇಪರಿನಲ್ಲಿ ಸುತ್ತಿಕೊಡುತ್ತಾರಲ್ಲ, ಎಣ್ಣೆಗೆ ಅದರ ಮಸಿ ಬಿಟ್ಟುಕೊಳ್ಳುತ್ತದೆ. ಪೇಪರಿನಲ್ಲಿ ತಿಂಡಿ ಕಟ್ಟಬೇಡಿ, ಇಟ್ಟುಕೊಡಬೇಡಿ ಎಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2016ರಲ್ಲೂ 2023ರಲ್ಲೂ ಹೇಳಿದೆ. ಕೂತು ತಿನ್ನುವಾಗಲೂ ಸ್ಟೀಲ್ ತಟ್ಟೆಯ ಮೇಲೆ ಪೇಪರ್ ಹಾಸಿದರೆ “ಬೇಡಪ್ಪ, ತೆಗಿ” ಎನ್ನಿ. ಬಾಣಲೆಯ ಎಣ್ಣೆಯನ್ನೂ ಒಮ್ಮೆ ನೋಡಿ. ಕಪ್ಪಾಗಿ, ನೊರೆ ಕಟ್ಟಿ, ಹೊಗೆ ಏಳುತ್ತಿದ್ದರೆ ಮಿರ್ಚಿಯ ಆಸೆ ಬಿಟ್ಟು ಒಗ್ಗರಣೆ ಒಂದನ್ನೇ ತೆಗೆದುಕೊಳ್ಳಿ. ಕುಡಿಯುವ ನೀರು ಮನೆಯಿಂದಲೇ ಇರಲಿ.

ಇಬ್ಬರದೂ ಸೇರಿ, ಚಹಾದೊಡನೆ, ನೂರು ರೂಪಾಯಿ ದಾಟಲಿಲ್ಲ. ನಾನು ಕೊಡುತ್ತೇನೆಂದರೆ ಅಜ್ಜಿ ಸುತರಾಂ ಒಪ್ಪಲಿಲ್ಲ. ಗಂಟು ಬಿಚ್ಚಿ ತನ್ನ ಪಾಲು ಎಣಿಸಿ ಇಟ್ಟಳು. ಆಮೇಲೆ ನೋಡುತ್ತೇನೆ, ಎರಡು ಮಿರ್ಚಿಯಲ್ಲಿ ಒಂದನ್ನು ತಿನ್ನದೆ ಚೀಲದಲ್ಲಿ ಇಟ್ಟುಕೊಂಡಿದ್ದಾಳೆ. ಮೊಮ್ಮಗನಿಗಂತೆ. ಸಂಜೆಯ ಹೊತ್ತಿಗೆ ಅದು ಚರ್ಮದ ಹಾಗಾಗುತ್ತದೆ ಎಂದು ನನಗೆ ರೇಗಿತು. ಏನೂ ಅನ್ನಲಿಲ್ಲ. ಅಷ್ಟರಲ್ಲಿ ಬಸ್ಸೂ ಬಂತು.

ಹೊರಡುವ ಮುನ್ನ ಅಂಗಡಿಯಾಕೆಯಿಂದ ಮಾಡುವ ಬಗೆ ಕೇಳಿಕೊಂಡೆ. ಮನೆಗೆ ಬಂದು ಎರಡು ಸಲ ಮಾಡಿಯೂ ನೋಡಿದೆ. ಮೊದಲ ಸಲ ಕೆಟ್ಟಿತು. ಏಕೆಂದು ಕೆಳಗೆ ಹೇಳಿದ್ದೇನೆ.

ಮನೆಯಲ್ಲಿ ಮಾಡುವುದಾದರೆ

ನಾಲ್ಕು ಜನಕ್ಕೆ ಸುಮಾರು 200 ಗ್ರಾಂ ಮಂಡಕ್ಕಿ ಸಾಕು. ಗಟ್ಟಿ ಜಾತಿಯದು ಬೇಕು. ಭೇಲ್‌ಪುರಿಯ ಹಗುರ ಮಂಡಕ್ಕಿ ನೀರಿಗೆ ಬಿದ್ದೊಡನೆ ಕರಗುತ್ತದೆ. ಎರಡು ದೊಡ್ಡ ಈರುಳ್ಳಿ, ಐದಾರು ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ, ಒಂದು ನಿಂಬೆಹಣ್ಣು, ಅರ್ಧ ಬಟ್ಟಲು ಪುಟಾಣಿಯನ್ನು ಕುಟ್ಟಿದ ತರಿ ಹಿಟ್ಟು. ನಾಲ್ಕು ಚಮಚ ಎಣ್ಣೆಗೆ ಸಾಸಿವೆ, ಜೀರಿಗೆ ಹಾಕಿ, ಈರುಳ್ಳಿ ಮೆಣಸಿನಕಾಯಿ ಬಾಡಿಸಿ, ಅರಿಸಿನ ಹಾಕಿ ಮೊದಲು ಒಗ್ಗರಣೆ ಸಿದ್ಧಮಾಡಿಟ್ಟುಕೊಳ್ಳಿ. ಉಪ್ಪು ಕಡಿಮೆ ಇರಲಿ, ಮಂಡಕ್ಕಿಯಲ್ಲೇ ಉಪ್ಪಿರುತ್ತದೆ.

ನಾನು ಕೆಟ್ಟದ್ದು ಮಂಡಕ್ಕಿಯನ್ನು ಮೊದಲೇ ನೆನೆಸಿಟ್ಟು. “ನೀರಾಗ ಮುಣುಗಿಸಿ ಎತ್ತೂದಷ್ಟ ಅಕ್ಕಾರ, ಬಿಟ್ರ ಅಂಬ್ಲಿ ಆಗ್ತೈತಿ” ಎಂದು ಅವಳು ಹೇಳಿದ್ದು ನನ್ನ ತಲೆಗೆ ಹೋಗಿರಲಿಲ್ಲ. ಮಂಡಕ್ಕಿಯನ್ನು ನೀರಿಗೆ ಹಾಕಿ, ಎರಡೂ ಕೈಯಿಂದ ಒಮ್ಮೆ ಒತ್ತಿ, ಕೂಡಲೇ ಎತ್ತಿ ಹಿಂಡಿ ಬಾಣಲೆಗೆ ಹಾಕಬೇಕು. ಉರಿ ಸಣ್ಣದಿರಲಿ. ಎರಡು ಸಲ ಮಗುಚಿ, ಪುಟಾಣಿ ಹಿಟ್ಟಿನ ಅರ್ಧ ಸೇರಿಸಿ, ಇಳಿಸಿ ನಿಂಬೆ ಹಿಂಡಿ. ಉಳಿದ ಹಿಟ್ಟು ತಟ್ಟೆಯಲ್ಲಿ ಮೇಲೆ ಉದುರಿಸಲು.

ಮಿರ್ಚಿಗೆ ಉದ್ದನೆಯ, ಖಾರ ಕಡಿಮೆಯ ಮೆಣಸಿನಕಾಯಿ ಸೀಳಿ, ಉಪ್ಪು, ಜಜ್ಜಿದ ಓಮ, ಚಿಟಿಕೆ ಸೋಡ ಹಾಕಿ ಕಲಸಿದ ಕಡಲೆ ಹಿಟ್ಟಿನಲ್ಲಿ ಅದ್ದಿ ಕರಿಯುವುದು. ಇದರಲ್ಲೊಂದು ಹೋಟೆಲಿನ ಗುಟ್ಟಿದೆ. ಎಲ್ಲ ಮಿರ್ಚಿಯನ್ನೂ ಮೊದಲು ಅರೆಬರೆ ಕರಿದು ತೆಗೆದಿಟ್ಟುಕೊಳ್ಳುತ್ತಾರೆ. ಗಿರಾಕಿ ಬಂದಾಗ ಕಾದ ಎಣ್ಣೆಗೆ ಇನ್ನೊಮ್ಮೆ ಬಿಟ್ಟು ಕೆಂಪಗೆ ತೆಗೆಯುತ್ತಾರೆ. ನೀವೂ ಹಾಗೇ ಮಾಡಿ. ಎರಡನೆಯ ಸಲ ಎಲ್ಲವನ್ನೂ ಒಟ್ಟಿಗೆ ಬಿಟ್ಟು, ತೆಗೆದು, ಒಲೆ ಆರಿಸಿ, ನಿಮ್ಮ ತಟ್ಟೆಯನ್ನೂ ತೆಗೆದುಕೊಂಡು ಉಳಿದವರ ಜೊತೆಗೇ ಕೂರಬಹುದು.