ಕ್ಷಯದ ಗುಳಿಗೆ, ಮಾಲಾ-ಎನ್ ಗುಳಿಗೆ: ಎರಡನ್ನೂ ಒಬ್ಬರೇ ನುಂಗಿದರೆ?

ಆಂಟಿಬಯೋಟಿಕ್ ಸೇವಿಸಿದರೆ ಗರ್ಭನಿರೋಧಕ ಗುಳಿಗೆ ಕೆಲಸ ಮಾಡುವುದಿಲ್ಲವೇ? ಅನೇಕ ಹೆಣ್ಣುಮಕ್ಕಳನ್ನು ಕಾಡುವ ಸಂದೇಹವಿದು. ಬಾಯಿಬಿಟ್ಟು ಕೇಳಲು ಸಂಕೋಚ. ಹೀಗಾಗಿ ಅರ್ಧ ತಿಳಿದ ಮಾತೇ ಮನೆಯಿಂದ ಮನೆಗೆ ಹಬ್ಬುತ್ತದೆ.

ಮೊದಲು ನೆಮ್ಮದಿಯ ಸಂಗತಿ. ಅಮಾಕ್ಸಿಸಿಲಿನ್, ಡಾಕ್ಸಿಸೈಕ್ಲಿನ್, ಮೆಟ್ರೊನಿಡಜೋಲ್ ಮುಂತಾದ ನಿತ್ಯಬಳಕೆಯ ಔಷಧಗಳು ಗುಳಿಗೆಯ ಶಕ್ತಿ ಕುಂದಿಸುತ್ತವೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಇವನ್ನು ಒಟ್ಟಿಗೆ ಸೇವಿಸಲು ಅಡ್ಡಿಯಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ವಾಂತಿ ಅಥವಾ ಜೋರಾದ ಭೇದಿಯಾದಾಗ ಮಾತ್ರ ಗುಳಿಗೆ ಮೈಗೆ ಹತ್ತದೆ ಹೋಗಬಹುದು.

ಆದರೆ ರಿಫಾಂಪಿಸಿನ್‌ನ ಮಾತೇ ಬೇರೆ. ಸಾಮಾನ್ಯ ಕ್ಷಯಕ್ಕೆ ಸರ್ಕಾರಿ ದವಾಖಾನೆಯಲ್ಲಿ ಉಚಿತವಾಗಿ ಕೊಡುವ 6 ತಿಂಗಳ ಚಿಕಿತ್ಸೆಯುದ್ದಕ್ಕೂ ಇರುವ ಔಷಧವಿದು. ಮೂತ್ರ ಕೇಸರಿ ಬಣ್ಣಕ್ಕೆ ತಿರುಗುವುದು ಇದರಿಂದಲೇ. ರೋಗಿಯ ಮನೆಯವರಿಗೆ ಮುನ್ನೆಚ್ಚರಿಕೆಯಾಗಿ ವಾರಕ್ಕೊಮ್ಮೆ ಕೊಡುವ ರಿಫಾಪೆಂಟಿನ್ ಕೂಡ ಇದೇ ಕುಲದ್ದು.

ಮಾಲಾ-ಎನ್ ಪಟ್ಟಿಯ 28 ಗುಳಿಗೆಗಳಲ್ಲಿ 21ರಲ್ಲಿ ಹಾರ್ಮೋನುಗಳಿವೆ. ಉಳಿದ 7 ಕಬ್ಬಿಣಾಂಶದವು. ಈ ಹಾರ್ಮೋನುಗಳನ್ನು ಯಕೃತ್ತು ದಿನವೂ ನಿಧಾನವಾಗಿ ಕರಗಿಸಿ ಹೊರಹಾಕುತ್ತದೆ. ರಿಫಾಂಪಿಸಿನ್ ಆ ಕೆಲಸದ ಕಿಣ್ವಗಳನ್ನು ಹೆಚ್ಚಿಸುತ್ತದೆ. ಹಾರ್ಮೋನು ಬೇಗನೆ ಖಾಲಿಯಾಗಿ, ಅಂಡಾಣು ಬಿಡುಗಡೆಯಾಗದಂತೆ ತಡೆಯುವ ಶಕ್ತಿ ತಗ್ಗುತ್ತದೆ. 1970ರ ದಶಕದ ಆರಂಭದಲ್ಲಿ ಜರ್ಮನಿಯ ವೈದ್ಯರು ಇದನ್ನು ಗಮನಿಸಿದರು: ಎರಡೂ ಔಷಧ ಸೇವಿಸುತ್ತಿದ್ದ ಮಹಿಳೆಯರಲ್ಲಿ ಮುಟ್ಟು ಏರುಪೇರಾಗಿತ್ತು, ಕೆಲವರು ಗರ್ಭಿಣಿಯರೂ ಆಗಿದ್ದರು.

ತೊಡಕು ಎಲ್ಲಿದೆ? ಜೈನಾಪುರವಿರಲಿ, ತಿಕೋಟಾ-ಬಬಲೇಶ್ವರ ಕಡೆಯ ಬೇರೆ ಯಾವ ಊರೇ ಇರಲಿ, ಮಾಲಾ-ಎನ್ ಬರುವುದು ಆಶಾ ಕಾರ್ಯಕರ್ತೆಯ ಕೈಯಿಂದ. ಕ್ಷಯದ ಔಷಧ ಬರೆಯುವ ವೈದ್ಯರಿಗೆ ಅದು ತಿಳಿಯದೇ ಹೋಗಬಹುದು. ಇನ್ನು ಮುಟ್ಟಿನ ತೊಂದರೆಗೆ, ಪಿಸಿಒಡಿಗೆ ಇಂಥದೇ ಹಾರ್ಮೋನು ಗುಳಿಗೆಗಳನ್ನು ಮದುವೆಯಾಗದ ಹುಡುಗಿಯರಿಗೂ ವೈದ್ಯರು ಬರೆಯುವುದುಂಟು. ಮಗಳ ಚೀಲದಲ್ಲಿ ಗುಳಿಗೆ ಕಂಡ ತಕ್ಷಣ ತಂದೆತಾಯಿ ಗದರಿದರೆ, ಅವಳು ದವಾಖಾನೆಯಲ್ಲೂ ಅದನ್ನು ಮುಚ್ಚಿಡುತ್ತಾಳೆ. ಅಪಾಯ ಶುರುವಾಗುವುದೇ ಅಲ್ಲಿ.

ಹಾಗಾದರೆ ಏನು ಮಾಡಬೇಕು? ಕ್ಷಯದ ಔಷಧವನ್ನು ಮಾತ್ರ ಯಾವ ಕಾರಣಕ್ಕೂ ನಡುವೆ ಬಿಡಬಾರದು. ಬಿಟ್ಟರೆ ರೋಗ ಮರುಕಳಿಸೀತು, ಔಷಧಕ್ಕೆ ಬಗ್ಗದ ಕ್ಷಯವೂ ಆದೀತು. ಬದಲಿಸಬೇಕಾದದ್ದು ಗರ್ಭನಿರೋಧದ ವಿಧಾನವನ್ನು. ಕಾಪರ್-ಟಿ ಮತ್ತು 3 ತಿಂಗಳಿಗೊಮ್ಮೆ ಕೊಡುವ ‘ಅಂತರಾ’ ಚುಚ್ಚುಮದ್ದಿನ ಮೇಲೆ ರಿಫಾಂಪಿಸಿನ್ ಆಟ ನಡೆಯದು. ನಿರೋಧ್ ಕೂಡ ಇದೆ. ತುರ್ತು ಗುಳಿಗೆಯನ್ನು ನೆಚ್ಚಿ ಕೂರುವಂತಿಲ್ಲ. ಅದರ ಬಲವನ್ನೂ ರಿಫಾಂಪಿಸಿನ್ ತಗ್ಗಿಸುತ್ತದೆ. ಚಿಕಿತ್ಸೆ ಮುಗಿದ ಮೇಲೂ 4 ವಾರ ಈ ಎಚ್ಚರ ಬೇಕು.

ದವಾಖಾನೆಗೆ ಹೋಗುವಾಗ ಸೇವಿಸುತ್ತಿರುವ ಗುಳಿಗೆಗಳನ್ನೆಲ್ಲ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮುಂದಿಡಿ. ಕೇಳಲು ನಾಚಿಕೆಯಾದರೂ ಚಿಂತೆಯಿಲ್ಲ, ಚೀಲವೇ ಹೇಳುತ್ತದೆ.