ಬಡಾವಣೆಯಲ್ಲಿ ಕಲೆ ಸೂರು ಕಟ್ಟಿಕೊಂಡ ಬಗೆ

ಶನಿವಾರ ಮತ್ತು ಭಾನುವಾರಗಳಂದು ದಕ್ಷಿಣ ಬೆಂಗಳೂರಿನ ಬಡಾವಣೆಗಳಿಗೆ ಬರುವವರಿಗೆ ಬನಶಂಕರಿಯಲ್ಲಿ ಚಲನಚಿತ್ರ, ಜಯನಗರದಲ್ಲಿ ಭರತನಾಟ್ಯ, ಜೆ.ಪಿ. ನಗರದಲ್ಲಿ ನಾಟಕ, ಅದೇ ಜೆ.ಪಿ. ನಗರದ ಇನ್ನೊಂದು ತುದಿಯಲ್ಲಿ ಸಂಗೀತದ ವಸ್ತುಸಂಗ್ರಹಾಲಯ ಹೀಗೆ ನೋಡುವುದಕ್ಕೂ ಕೇಳುವುದಕ್ಕೂ ಸಾಕಷ್ಟು ಇದೆ. ಆದರೆ ಈ ಬಡಾವಣೆಗಳು ಕಲೆಗಾಗಿ ಹುಟ್ಟಿದವಲ್ಲ. 1945ರಲ್ಲಿ ರಚನೆಯಾದ ಬೆಂಗಳೂರು ನಗರಾಭಿವೃದ್ಧಿ ವಿಶ್ವಸ್ತ ಮಂಡಳಿಯು ಲಾಲ್‌ಬಾಗಿನ ದಕ್ಷಿಣಕ್ಕೆ ಜಯನಗರವನ್ನು ರೂಪಿಸಲು ಹೊರಟಾಗ ಅದರ ಮುಂದಿದ್ದುದು ಮನೆಯ ಪ್ರಶ್ನೆ, ಸಿ. ರಾಜಗೋಪಾಲಾಚಾರಿಯವರು ಗವರ್ನರ್ ಜನರಲ್ ಆಗಿದ್ದ 1948ರಲ್ಲಿ ಈ ಬಡಾವಣೆ ಶುರುವಾದುದರ ನೆನಪಿಗೆ ಮೊದಲ ಬ್ಲಾಕಿನಲ್ಲಿ ಅಶೋಕ ಸ್ತಂಭ ನಿಂತಿದೆ. ಬ್ಲಾಕು, ಮೇನು, ಕ್ರಾಸುಗಳ ಲೆಕ್ಕದಲ್ಲಿ ಹಂಚಿಹೋದ ಆ ನಕ್ಷೆಯಲ್ಲಿ ಉದ್ಯಾನ, ಶಾಲೆ, ಮಾರುಕಟ್ಟೆಗಳಿಗೆ ಜಾಗ ಕಾಣುತ್ತದೆ, ನಾಟಕಶಾಲೆಗೆ ಕಾಣುವುದಿಲ್ಲ.

ಆ ಕಾಲಕ್ಕೆ ಅದರ ಅಗತ್ಯವೂ ಯಾರಿಗೂ ತೋರಿರಲಾರದು. ನಗರದ ಸಭೆ, ಸಮಾರಂಭ, ನಾಟಕಗಳೆಲ್ಲ 1935ರಲ್ಲಿ ಕಟ್ಟಿದ ಪುರಭವನದ ಸುತ್ತಮುತ್ತಲೇ ನಡೆಯುತ್ತಿದ್ದವು. ರವೀಂದ್ರನಾಥ ಠಾಕೂರರ ಜನ್ಮಶತಾಬ್ದಿಯ ನೆನಪಿಗಾಗಿ ನಿರ್ಮಿಸಿದ ರವೀಂದ್ರ ಕಲಾಕ್ಷೇತ್ರವು 1963ರಲ್ಲಿ ಅದರ ಸಮೀಪದಲ್ಲೇ ಬಾಗಿಲು ತೆರೆದ ಮೇಲಂತೂ ಜೆ.ಸಿ. ರಸ್ತೆಯೇ ಕನ್ನಡ ರಂಗಭೂಮಿಯ ವಿಳಾಸವಾಯಿತು. ದಕ್ಷಿಣದವರಿಗೆ ಸಂಗೀತದ ರುಚಿ ಹತ್ತಿಸಿದವು ಬೇರೆ ಜಾಗಗಳು: 1905ರಲ್ಲಿ ಆರಂಭವಾದ ಬೆಂಗಳೂರು ಗಾಯನ ಸಮಾಜ, ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ಮೈದಾನದಲ್ಲಿ ಪ್ರತಿ ಬೇಸಿಗೆಯಲ್ಲೂ ನಡೆಯುವ ರಾಮನವಮಿ ಕಛೇರಿಗಳು, ಊರೂರಿನ ಗಣೇಶೋತ್ಸವದ ಚಪ್ಪರಗಳು. ಚಪ್ಪರವನ್ನು ಹಬ್ಬ ಮುಗಿದ ಕೂಡಲೇ ಬಿಚ್ಚುತ್ತಾರೆ. ಕೇಳುಗರನ್ನು ತಯಾರು ಮಾಡುವ ಕೆಲಸವನ್ನು ಅದು ಚೆನ್ನಾಗಿಯೇ ಮಾಡಿತು, ಆದರೆ ವರ್ಷವಿಡೀ ಬಾಗಿಲು ತೆರೆದಿರುವ ಮನೆಯ ಕೊರತೆಯನ್ನು ಅದು ತುಂಬಲಾರದಾಗಿತ್ತು.

ಈ ಕೊರತೆಯ ಬಿಸಿ ಹೆಚ್ಚು ತಟ್ಟಿದ್ದು ಹವ್ಯಾಸಿ ರಂಗಭೂಮಿಗೆ. ನಾಟಕವನ್ನೇ ಹೊಟ್ಟೆಪಾಡಾಗಿ ಮಾಡಿಕೊಂಡ ವೃತ್ತಿ ಕಂಪನಿಗಳು ಒಂದೇ ಊರಿನಲ್ಲಿ ತಿಂಗಳುಗಟ್ಟಲೆ ಕ್ಯಾಂಪು ಹಾಕುತ್ತಿದ್ದರೆ, ಬ್ಯಾಂಕು, ಕಾರ್ಖಾನೆ, ಸರ್ಕಾರಿ ಕಚೇರಿಗಳ ಕೆಲಸ ಮುಗಿಸಿ ಸಂಜೆ ಯಾವುದೋ ಶಾಲೆಯ ಕೊಠಡಿಯಲ್ಲಿ ತಾಲೀಮು ನಡೆಸುವ ಹವ್ಯಾಸಿ ತಂಡಗಳು ಎರಡು ತಿಂಗಳು ಬೆವರು ಸುರಿಸಿ ಒಂದೋ ಎರಡೋ ಪ್ರದರ್ಶನಕ್ಕೆ ತೃಪ್ತಿಪಡಬೇಕಿತ್ತು. ಎಲ್ಲರಿಗೂ ಬೇಕಾದುದು ಶನಿವಾರ, ಭಾನುವಾರಗಳೇ ಆದುದರಿಂದ ಕಲಾಕ್ಷೇತ್ರದ ದಿನಾಂಕಕ್ಕೆ ಸದಾ ನೂಕುನುಗ್ಗಲು. ಮೇಲಾಗಿ ಅದು ಸಭೆಗೂ ಸನ್ಮಾನಕ್ಕೂ ನೃತ್ಯಕ್ಕೂ ಒದಗಬೇಕಾದ ದೊಡ್ಡ ಸಭಾಂಗಣ. ನಟನ ಪಿಸುಮಾತು ಕೊನೆಯ ಸಾಲಿಗೆ ಮುಟ್ಟಬೇಕಾದರೆ ಮೈಕಿನ ಹಂಗು ತಪ್ಪದು. ನಾಟಕಕ್ಕೆಂದೇ ಕಟ್ಟಿದ, ನಾಟಕದವರದೇ ಹಿಡಿತದಲ್ಲಿರುವ ಸಣ್ಣ ರಂಗಮಂದಿರದ ಮಾತು ಮತ್ತೆ ಮತ್ತೆ ಬರುತ್ತಿದ್ದುದು ಇದೇ ಕಾರಣಕ್ಕೆ.

ಅಂಥ ಮನೆಗಳಿಗೆ ದಕ್ಷಿಣದಲ್ಲಿ ದಾರಿ ತೆರೆದದ್ದು ಕಲಾನೀತಿಯಲ್ಲ, ಭೂಮಿ ಹಂಚಿಕೆಯ ಒಂದು ವ್ಯವಸ್ಥೆ. 1976ರಲ್ಲಿ ವಿಶ್ವಸ್ತ ಮಂಡಳಿಯ ಜಾಗಕ್ಕೆ ಬಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಬಡಾವಣೆ ಮಾಡುವಾಗ ಮನೆ ನಿವೇಶನಗಳ ನಡುವೆ ಕೆಲವನ್ನು ನಾಗರಿಕ ಸೌಲಭ್ಯಕ್ಕೆಂದು ಬಿಡುತ್ತದೆ. ಜನರ ಬಾಯಲ್ಲಿ ‘ಸಿ.ಎ. ಸೈಟು’ ಎಂದೇ ಕರೆಯಿಸಿಕೊಳ್ಳುವ ಇವನ್ನು ಶಾಲೆ, ಆಸ್ಪತ್ರೆ, ಅಂಚೆ ಕಚೇರಿ, ಸಂಘ ಸಂಸ್ಥೆಗಳಿಗೆ ಮಾರದೆ ಗುತ್ತಿಗೆಗೆ ಕೊಡಲಾಗುತ್ತದೆ. 1989ರ ನಿಯಮಗಳಲ್ಲಿ ಗುತ್ತಿಗೆಯ ಅವಧಿ 30 ವರ್ಷ. ಇಂಥ ಜಾಗಗಳ ಮೇಲೆ ಎಲ್ಲರ ಕಣ್ಣೂ ಇರುವುದು ಸಹಜ. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ನೆಲವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟುದನ್ನು ಸುಪ್ರೀಂ ಕೋರ್ಟು 1991ರಲ್ಲಿ ಒಪ್ಪದೇ ಹೋದದ್ದು ಈ ಪೈಪೋಟಿಯ ತೀವ್ರತೆಯನ್ನು ತೋರಿಸುತ್ತದೆ. ಈ ಸಾಲಿನಲ್ಲಿ ಕಲೆಯ ಸಂಘಟನೆಗಳೂ ನಿಂತು ಜಾಗ ಪಡೆದವು ಎನ್ನುವುದೇ ಇಲ್ಲಿನ ಕಥೆಯ ತಿರುಳು.

ಇವುಗಳಲ್ಲಿ ಹಿರಿಯದು ಸುಚಿತ್ರ ಫಿಲಂ ಸೊಸೈಟಿ. ಫಿಲಂ ಸೊಸೈಟಿ ಎಂದರೆ ಚಂದಾ ಕೊಟ್ಟ ಸದಸ್ಯರಿಗಾಗಿ ಮಾತ್ರ ಚಿತ್ರಗಳನ್ನು ತೋರಿಸಿ ಚರ್ಚಿಸುವ ಸಂಘ. ಸಾರ್ವಜನಿಕ ಪ್ರದರ್ಶನವಲ್ಲವಾದ್ದರಿಂದ ಮಾಮೂಲಿ ಚಿತ್ರಮಂದಿರಕ್ಕೆ ಎಂದೂ ಬರಲಾರದ ಪರದೇಶದ ಚಿತ್ರಗಳನ್ನು ರಾಯಭಾರ ಕಚೇರಿಗಳಿಂದಲೋ, 1964ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಿಂದಲೋ ತರಿಸಿ ತೋರಿಸಲು ಅದಕ್ಕೆ ಸಾಧ್ಯವಾಗುತ್ತದೆ. 1947ರಲ್ಲಿ ಸತ್ಯಜಿತ್ ರಾಯ್, ಚಿದಾನಂದ ದಾಸಗುಪ್ತ ಮೊದಲಾದವರು ಕಟ್ಟಿದ ಕಲ್ಕತ್ತಾ ಫಿಲಂ ಸೊಸೈಟಿಯಿಂದ ಹರಡಿದ ಈ ಚಳವಳಿಯ ಕನ್ನಡದ ಕುಡಿಯಾಗಿ ಸುಚಿತ್ರ ಹುಟ್ಟಿದ್ದು 1971ರಲ್ಲಿ. ಆ ಗಳಿಗೆಗೂ ಅರ್ಥವಿತ್ತು: ಅದರ ಹಿಂದಿನ ವರ್ಷವಷ್ಟೇ ತೆರೆಕಂಡ ‘ಸಂಸ್ಕಾರ’ ರಾಷ್ಟ್ರದ ಅತ್ಯುತ್ತಮ ಚಿತ್ರವೆನಿಸಿತ್ತು, ಮುಂದೆ ‘ಚೋಮನ ದುಡಿ’ ಮತ್ತು ‘ಘಟಶ್ರಾದ್ಧ’ ಅದೇ ಗೌರವವನ್ನು ಪಡೆದವು. ಹೊಸ ಅಲೆಯ ಚಿತ್ರಗಳನ್ನು ಮಾಡುವವರು ಸಿಕ್ಕಿದ್ದರು. ನೋಡಲು ಬಲ್ಲವರನ್ನು ಬೆಳೆಸುವ ಕೆಲಸ ಉಳಿದಿತ್ತು. ಎಚ್.ಎನ್. ನರಹರಿ ರಾವ್ ಮತ್ತು ಸಂಗಡಿಗರು ಆ ಕೆಲಸವನ್ನು ಕೈಗೆತ್ತಿಕೊಂಡರು.

ದೇಶದ ಬಹುತೇಕ ಫಿಲಂ ಸೊಸೈಟಿಗಳು ಬಾಡಿಗೆ ಸಭಾಂಗಣಗಳಲ್ಲೇ ಹುಟ್ಟಿ, ವಿಡಿಯೋ ಮತ್ತು ದೂರದರ್ಶನದ ಹೊಡೆತಕ್ಕೆ ಅಲ್ಲೇ ಸೊರಗಿದವು. ಸುಚಿತ್ರ ಉಳಿದದ್ದಕ್ಕೆ ಅದರ ರುಚಿಯಷ್ಟೇ ಅಲ್ಲ, ಬನಶಂಕರಿ ಎರಡನೇ ಹಂತದಲ್ಲಿ ಅದಕ್ಕೆ ಸ್ವಂತ ಕಟ್ಟಡ ಇದ್ದುದೂ ಕಾರಣ. ಸೂರು ಇದ್ದುದರಿಂದ ಸದಸ್ಯರು ಕಡಿಮೆಯಾದ ವರ್ಷಗಳಲ್ಲೂ ಅದು ಬಾಗಿಲು ಹಾಕಬೇಕಾಗಲಿಲ್ಲ. ಚಿತ್ರ ನೋಡುವ ಜಾಗದಲ್ಲೇ ರಸಗ್ರಹಣ ಶಿಬಿರ, ಪುಸ್ತಕ ಬಿಡುಗಡೆ, ಸಣ್ಣ ನಾಟಕಗಳೂ ನಡೆಯತೊಡಗಿ ಅದು ‘ಸುಚಿತ್ರ ಸಿನಿಮಾ ಮತ್ತು ಸಾಂಸ್ಕೃತಿಕ ಅಕಾಡೆಮಿ’ಯಾಗಿ ಹಿಗ್ಗಿತು. ಅದರ ಮುಂದಿನ ರಸ್ತೆಗೆ ಬಿ.ವಿ. ಕಾರಂತರ ಹೆಸರಿದೆ. ‘ಚೋಮನ ದುಡಿ’ಯ ನಿರ್ದೇಶಕರೂ ‘ಬೆನಕ’ ತಂಡದ ಕಟ್ಟಾಳೂ ಆಗಿದ್ದ ಅವರದು ಸಿನಿಮಾಕ್ಕೂ ನಾಟಕಕ್ಕೂ ಸಲ್ಲುವ ಹೆಸರು. ನಮ್ಮ ಊರಿನ ರಸ್ತೆಗಳಿಗೆ ಹೆಸರಿಡುವವರು ಇಷ್ಟು ಸರಿಯಾದ ಜಾಗ ಹುಡುಕುವುದು ಅಪರೂಪ.

ನಾಟಕಕ್ಕೆ ಸೂರು ಸಿಗಲು ಇನ್ನೂ ಹೆಚ್ಚು ಕಾಲ ಹಿಡಿಯಿತು. ಅದರ ಹಿಂದೆ ಸಾವಿನ ನೋವೂ ಇದೆ. ಮುಂಬಯಿಯ ರಂಗಭೂಮಿಯಲ್ಲಿ ಪಳಗಿ, 1978ರ ‘ಒಂದಾನೊಂದು ಕಾಲದಲ್ಲಿ’ ಚಿತ್ರದ ಮೂಲಕ ಕನ್ನಡಕ್ಕೆ ಬಂದ ಶಂಕರ್ ನಾಗ್ ಜನಪ್ರಿಯ ನಾಯಕನಾದ ಮೇಲೂ ನಾಟಕವನ್ನು ಬಿಡಲಿಲ್ಲ. ಪತ್ನಿ ಅರುಂಧತಿ ನಾಗ್ ಅವರೊಡನೆ ‘ಸಂಕೇತ್’ ತಂಡ ಕಟ್ಟಿ ‘ಅಂಜುಮಲ್ಲಿಗೆ’, ‘ನೋಡಿ ಸ್ವಾಮಿ ನಾವಿರೋದು ಹೀಗೆ’ಯಂಥ ನಾಟಕಗಳನ್ನು ಆಡಿಸಿದರು. ಜುಹುವಿನಲ್ಲಿ ಶಶಿ ಕಪೂರ್ ಮತ್ತು ಜೆನಿಫರ್ 1978ರಲ್ಲಿ ತೆರೆದ ಪೃಥ್ವಿ ಥಿಯೇಟರ್ ಎಂಬ ಪುಟ್ಟ ರಂಗಮಂದಿರದ ಮಾದರಿ ಈ ದಂಪತಿಯ ಕಣ್ಣ ಮುಂದಿತ್ತು. ‘ಜೋಕುಮಾರಸ್ವಾಮಿ’ ಚಿತ್ರದ ಕೆಲಸಕ್ಕೆಂದು ಹೊರಟಿದ್ದ ಶಂಕರ್ ನಾಗ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಸಮೀಪದ ಆನಗೋಡು ಬಳಿ ಅಪಘಾತದಲ್ಲಿ ತೀರಿಕೊಂಡಾಗ ಅವರ ವಯಸ್ಸು 35. ಅದೇ ಕಾರಿನಲ್ಲಿದ್ದು ತೀವ್ರವಾಗಿ ಗಾಯಗೊಂಡ ಅರುಂಧತಿ ನಾಗ್ ಚೇತರಿಸಿಕೊಂಡ ಮೇಲೆ ಸಂಕೇತ್ ಟ್ರಸ್ಟ್ ರೂಪುಗೊಂಡಿತು. ಗಿರೀಶ್ ಕಾರ್ನಾಡರಂಥವರು ಜೊತೆಗಿದ್ದರು, ಸರ್ಕಾರದಿಂದ ಜೆ.ಪಿ. ನಗರ ಎರಡನೇ ಹಂತದಲ್ಲಿ ನಾಗರಿಕ ಸೌಲಭ್ಯದ ನಿವೇಶನವೂ ದೊರೆಯಿತು. ಆದರೆ ನಿವೇಶನ ಸಿಕ್ಕಿದ ಮಾತ್ರಕ್ಕೆ ಗೋಡೆ ಏಳುವುದಿಲ್ಲ. ಸರ್ಕಾರದ ನೆರವು, ಉದ್ಯಮಗಳ ದೇಣಿಗೆ, ಅಭಿಮಾನಿಗಳ ಸಣ್ಣಪುಟ್ಟ ಕಾಣಿಕೆಗಳನ್ನು ಕೂಡಿಸುತ್ತಲೇ ವರ್ಷಗಳು ಸರಿದವು. ‘ರಂಗ ಶಂಕರ’ ತೆರೆದದ್ದು 2004ರ ಅಕ್ಟೋಬರ್ 28ರಂದು, ಅಂದರೆ ಶಂಕರ್ ನಾಗ್ ತೀರಿಕೊಂಡ 14 ವರ್ಷಗಳ ಬಳಿಕ.

ವಾಸ್ತುಶಿಲ್ಪಿ ಶಾರೂಖ್ ಮಿಸ್ತ್ರಿ ರೂಪಿಸಿದ ಈ ಕಟ್ಟಡದಲ್ಲಿ ಮೊದಲು ಗಮನ ಸೆಳೆಯುವುದು ಅದರ ಅಳತೆ. ಆಸನಗಳು ಸುಮಾರು 320. ಪರದೆಯ ಚೌಕಟ್ಟಿನಾಚೆ ನಟರು, ಈಚೆ ಪ್ರೇಕ್ಷಕರು ಎಂದು ಇಬ್ಬರನ್ನೂ ಬೇರ್ಪಡಿಸುವ ಚೌಕಟ್ಟಿನ ರಂಗ ಇಲ್ಲಿಲ್ಲ. ವೇದಿಕೆ ಪ್ರೇಕ್ಷಕರ ಕಡೆಗೆ ಚಾಚಿಕೊಂಡಿದೆ, ಅದರೆದುರು ಆಸನಗಳ ಸಾಲುಗಳು ಮೆಟ್ಟಿಲು ಮೆಟ್ಟಿಲಾಗಿ ಕಡಿದಾಗಿ ಏರುತ್ತವೆ. ಹೀಗಾಗಿ ಮುಂದಿನವರ ತಲೆ ಅಡ್ಡವಾಗುವುದಿಲ್ಲ, ಕೊನೆಯ ಸಾಲಿನವರಿಗೂ ನಟನ ಹುಬ್ಬಿನ ಚಲನೆ ಕಾಣುತ್ತದೆ, ಮೈಕಿಲ್ಲದೆ ಮಾತು ಕೇಳುತ್ತದೆ. ನಟರ ದೃಷ್ಟಿಯಿಂದ ಇದು ವರವೂ ಹೌದು, ಪರೀಕ್ಷೆಯೂ ಹೌದು. ದೊಡ್ಡ ಸಭಾಂಗಣದ ಅಭ್ಯಾಸದಲ್ಲಿ ಕೂಗಿ ಆಡುವ ನಟ ಇಲ್ಲಿ ಐದೇ ನಿಮಿಷದಲ್ಲಿ ಬಯಲಾಗುತ್ತಾನೆ.

ಕಟ್ಟಡಕ್ಕಿಂತ ಹೆಚ್ಚಿನ ಬದಲಾವಣೆ ತಂದದ್ದು ಅಲ್ಲಿನ ಶಿಸ್ತು. ಸೋಮವಾರ ಬಿಟ್ಟು ವಾರದ ಉಳಿದ ದಿನಗಳಲ್ಲಿ ದಿನಕ್ಕೊಂದು ನಾಟಕ ಎಂಬುದು ಆರಂಭದ ಸಂಕಲ್ಪ. ಮಂಗಳವಾರ, ಬುಧವಾರಗಳಂದು ನಾಟಕಕ್ಕೆ ಯಾರು ಬರುತ್ತಾರೆ ಎಂಬ ಹವ್ಯಾಸಿ ತಂಡಗಳ ಹಳೆಯ ಅನುಮಾನಕ್ಕೆ ಇದು ಉತ್ತರವಾಯಿತು, ಒಂದೇ ನಾಟಕ ಮತ್ತೆ ಮತ್ತೆ ಪ್ರದರ್ಶನಗೊಂಡು ಹದವಾಗುವ ಅವಕಾಶವೂ ಒದಗಿತು. ಕೂರುವ ಜಾಗಕ್ಕೆ ಸಂಖ್ಯೆಯಿಲ್ಲ. ಮೊದಲು ಬಂದವರು ಮೊದಲು ಕೂರುತ್ತಾರೆ. ಮೂರನೇ ಬೆಲ್ ಆದ ಮೇಲೆ ಬಾಗಿಲು ಮುಚ್ಚುತ್ತದೆ, ಟಿಕೆಟ್ ಕೈಯಲ್ಲಿದ್ದರೂ ತಡವಾಗಿ ಬಂದವರಿಗೆ ಪ್ರವೇಶವಿಲ್ಲ. ಮುಖ್ಯ ಅತಿಥಿ ಬರುವ ತನಕ ಕಾದು, ಸ್ವಾಗತ, ಪ್ರಾಸ್ತಾವಿಕ ನುಡಿ, ಹಾರ, ಶಾಲು, ಫಲತಾಂಬೂಲಗಳೆಲ್ಲ ಮುಗಿದ ಮೇಲೆ ಅರೆನಿದ್ದೆಯಲ್ಲಿ ನಾಟಕ ನೋಡುವ ಅಭ್ಯಾಸವಿದ್ದ ಕನ್ನಡ ಪ್ರೇಕ್ಷಕರಿಗೆ ಇದು ಮೊದಮೊದಲು ದರ್ಪದಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಆದರೆ ನೋಡುಗರ ಹೊತ್ತಿಗೂ ನಟರ ಏಕಾಗ್ರತೆಗೂ ಸಮಾನ ಬೆಲೆ ಕೊಡುವ ನಿಯಮ ಇದೊಂದೇ. ಸಂಜೆ ಏಳರ ಸುಮಾರಿಗೆ ಅಲ್ಲಿನ ಕೆಫೆಯಲ್ಲಿ ಅಕ್ಕಿರೊಟ್ಟಿ, ಸಬ್ಬಕ್ಕಿ ವಡೆ ಮುಗಿಸುತ್ತಿರುವ ಜನ ಗಡಿಯಾರ ನೋಡಿಕೊಂಡು ತಾವಾಗಿಯೇ ಸಾಲಿಗೆ ಹೋಗಿ ನಿಲ್ಲುವುದನ್ನು ಕಂಡರೆ ಈ ಇಪ್ಪತ್ತು ವರ್ಷಗಳಲ್ಲಿ ಏನು ಬದಲಾಗಿದೆಯೆಂದು ತಿಳಿಯುತ್ತದೆ.

ಇಲ್ಲಿ ಕನ್ನಡದ ಪಾಲು ಎಷ್ಟು ಎಂಬ ಪ್ರಶ್ನೆ ಆಗಾಗ ಏಳುತ್ತದೆ. ರಂಗ ಶಂಕರ ತೆರೆದ ಹೊತ್ತಿಗೆ ಮಾಹಿತಿ ತಂತ್ರಜ್ಞಾನದ ಉದ್ಯೋಗಕ್ಕೆಂದು ಬಂದವರಿಂದ ಬಿ.ಟಿ.ಎಂ. ಬಡಾವಣೆ ತುಂಬತೊಡಗಿತ್ತು. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಹೆಸರನ್ನು ಒಟ್ಟುಗೂಡಿಸಿಕೊಂಡ ಆ ಬಡಾವಣೆಯ ಬಾಡಿಗೆ ಮನೆಗಳಿಂದ ಇಂಗ್ಲಿಷ್, ಹಿಂದಿ ನಾಟಕಗಳಿಗೆ ಪ್ರೇಕ್ಷಕರು ಬಂದದ್ದು ನಿಜ. ಆದರೆ ಹೆಗ್ಗೋಡಿನ ನೀನಾಸಂ ತಿರುಗಾಟದ ನಾಟಕಗಳಿಗೂ ಕಾರ್ನಾಡ, ಕಂಬಾರರ ಕೃತಿಗಳಿಗೂ ಹೊಸ ತಲೆಮಾರಿನ ಕನ್ನಡ ತಂಡಗಳಿಗೂ ಅದೇ ವೇದಿಕೆ ಒದಗಿದೆ. ಕನ್ನಡ ಬಾರದವರು ಕನ್ನಡ ನಾಟಕಕ್ಕೆ ಬಂದು ಕೂರುವ ಜಾಗವನ್ನು ಭಾಷೆಯ ನಷ್ಟವೆಂದು ಬಗೆಯುವುದು ಸರಿಯಲ್ಲ.

ಉಳಿದ ಜಾಗಗಳನ್ನು ಚುಟುಕಾಗಿ ಹೇಳಬಹುದು. ಜಯನಗರದ ನ್ಯಾಷನಲ್ ಕಾಲೇಜಿನಲ್ಲಿ ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರ ಹೆಸರಿನ ಎಚ್.ಎನ್. ಕಲಾಕ್ಷೇತ್ರವಿದೆ, ಎಂಟನೇ ಬ್ಲಾಕಿನ ಜೆ.ಎಸ್.ಎಸ್. ಸಭಾಂಗಣದಲ್ಲಿ ರಂಗಪ್ರವೇಶಗಳು ನಡೆಯುತ್ತವೆ, ಹನುಮಂತನಗರದ ರಾಮಾಂಜನೇಯ ಗುಡ್ಡದ ಮಗ್ಗುಲಲ್ಲಿ ಕೆ.ಎಚ್. ಕಲಾಸೌಧ ನಾಟಕಗಳಿಗೆ ತೆರೆದಿದೆ. ಜೆ.ಪಿ. ನಗರ ಏಳನೇ ಹಂತದಲ್ಲಿ 2019ರಲ್ಲಿ ಪೂರ್ಣವಾಗಿ ತೆರೆದ ‘ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್’ ಸಂಗ್ರಹಾಲಯದ ದಾರಿ ಬೇರೆ: ಅದು ಸಂಘದ ಚಂದಾದಿಂದ ಹುಟ್ಟಿದ್ದಲ್ಲ, ಕಟ್ಟಡ ನಿರ್ಮಾಣ ಉದ್ಯಮದ ಬ್ರಿಗೇಡ್ ಸಮೂಹದ ಬೆಂಬಲದಿಂದ ಬಂದದ್ದು. ಕಲ್ಲು, ಲೋಹ, ಮರಗಳಿಂದ ಮಾಡಿದ ದೊಡ್ಡ ವಾದ್ಯಗಳನ್ನು ಮಕ್ಕಳು ಬಡಿದು, ಉಜ್ಜಿ ನಾದ ಹೊರಡಿಸಬಹುದಾದ ಅಲ್ಲಿನ ನಾದವನಕ್ಕಾಗಿಯಾದರೂ ಒಂದು ಬೆಳಿಗ್ಗೆಯನ್ನು ಮೀಸಲಿಡಬಹುದು.

ಚಿತ್ರಕಲೆಯ ವಿಷಯದಲ್ಲಿ ಮಾತ್ರ ದಕ್ಷಿಣ ಬೆಂಗಳೂರು ಬಡವ. ಚಿತ್ರಕಲಾ ಪರಿಷತ್ತು ಕುಮಾರಕೃಪಾ ರಸ್ತೆಯಲ್ಲಿದೆ, ವೆಂಕಟಪ್ಪ ಕಲಾ ಗ್ಯಾಲರಿ ಕಬ್ಬನ್ ಉದ್ಯಾನದ ಅಂಚಿನಲ್ಲಿದೆ, 2009ರಲ್ಲಿ ತೆರೆದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿದೆ. ನಾಟಕದವರೂ ಸಿನಿಮಾದವರೂ ಗುಂಪು ಕಟ್ಟಿಕೊಂಡೇ ಕೆಲಸ ಮಾಡುವುದರಿಂದ ಅರ್ಜಿ ಹಾಕಿ, ಕಚೇರಿ ಅಲೆದು, ನಿವೇಶನ ದಕ್ಕಿಸಿಕೊಳ್ಳಬಲ್ಲರು. ಒಂಟಿಯಾಗಿ ಕೂತು ಚಿತ್ರ ಬರೆಯುವವರಿಗೆ ಅದು ಕಷ್ಟ. ಈ ಕಾರಣವನ್ನು ಒಪ್ಪಿದರೂ ಇಷ್ಟು ಲಕ್ಷ ಜನರಿರುವ ಭಾಗದಲ್ಲಿ ಆ ಮಟ್ಟದ ಸಾರ್ವಜನಿಕ ಚಿತ್ರಶಾಲೆಯೊಂದು ಇಲ್ಲದಿರುವುದು ಒಪ್ಪತಕ್ಕ ಸಂಗತಿಯಲ್ಲ. ಪಾಲಿಕೆಯೂ ಪ್ರಾಧಿಕಾರವೂ ಮುಂದಿನ ಸಲ ಸಿ.ಎ. ನಿವೇಶನಗಳನ್ನು ಹಂಚುವಾಗ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

2017ರಲ್ಲಿ ಹಸಿರು ಮಾರ್ಗ ಯಲಚೇನಹಳ್ಳಿಯವರೆಗೆ ಬಂದ ಮೇಲೆ ಜಯನಗರ, ಬನಶಂಕರಿ, ಜೆ.ಪಿ. ನಗರಗಳಿಗೆ ಮೆಟ್ರೊದಲ್ಲೇ ಬಂದು ಇಳಿಯಬಹುದು. 2025ರ ಆಗಸ್ಟಿನಲ್ಲಿ ಶುರುವಾದ ಹಳದಿ ಮಾರ್ಗ ರಾಗಿಗುಡ್ಡ ಮತ್ತು ಬಿ.ಟಿ.ಎಂ. ಬಡಾವಣೆಯನ್ನೂ ಜೋಡಿಸಿದೆ. ಈ ಓಣಿಗಳಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕುವ ಕಷ್ಟ ಬಲ್ಲವರು ಮೆಟ್ರೊವನ್ನೇ ನೆಚ್ಚಿಕೊಳ್ಳುವುದು ಲೇಸು. ರಂಗ ಶಂಕರದಲ್ಲಿ ಭಾನುವಾರದ ನಾಟಕಗಳು ಸಾಮಾನ್ಯವಾಗಿ ಮಧ್ಯಾಹ್ನ ಮೂರೂವರೆಗೆ ಮತ್ತು ಸಂಜೆ ಏಳೂವರೆಗೆ ಇರುತ್ತವೆ. ಓದುಗರು ಅರ್ಧ ಗಂಟೆ ಮೊದಲೇ ಅಲ್ಲಿರಬೇಕು. ದೂರದಿಂದ ಬಂದೆವೆಂದು ಹೇಳಿದರೂ ಮುಚ್ಚಿದ ಬಾಗಿಲನ್ನು ಯಾರೂ ತೆರೆಯುವುದಿಲ್ಲ.